ಏಳು ತಿರುವು

ಬೆಳಿಗ್ಗೆ ಏಳೂ ಹತ್ತಕ್ಕೆ ಆದೋನಿಯ ಮೈದಾನದಲ್ಲಿ ಹುಡುಗಿಯರ ಸಾವಿರದ ಐನೂರು ಮೀಟರ್ ಓಟ ಮುಗಿಯಿತು. ಗಂಗೋತ್ರಿ ಗೆದ್ದಳು. ಎರಡು ಸೆಕೆಂಡಿನ ನಂತರ ಲಾವಣ್ಯ ಗೆರೆ ದಾಟಿದಳು. ಉಳಿದ ಮೂವರು ಆಗಿನ್ನೂ ಕೊನೆಯ ತಿರುವಿನಲ್ಲಿದ್ದರು.

ವಿಶ್ವವಿದ್ಯಾಲಯದ ತಂಡದಲ್ಲಿ ಈ ಓಟಕ್ಕೆ ಆದೋನಿ ಕಡೆಯ ಕಾಲೇಜುಗಳಿಗೆ ಸಿಕ್ಕಿದ್ದು ಒಂದೇ ಜಾಗ. ಗೆದ್ದವಳೇ ಹೋಗಬೇಕೆಂಬ ನಿಯಮವಿರಲಿಲ್ಲ. ಮೊದಲಿಬ್ಬರ ಅಂತರ ಮೂರು ಸೆಕೆಂಡಿಗಿಂತ ಕಡಿಮೆಯಿದ್ದರೆ, ಮುಂದೆ ಯಾರು ಇನ್ನೂ ಚೆನ್ನಾಗಿ ಓಡಬಲ್ಲರು ಎಂದು ನೋಡಿ ಆಯ್ಕೆಗಾರರು ತೀರ್ಮಾನಿಸಬಹುದಿತ್ತು. ಹತ್ತು ಗಂಟೆಯೊಳಗೆ ಕರ್ನೂಲಿನ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ಹೆಸರು ಹೇಳಬೇಕಿತ್ತು. ಗಂಗೋತ್ರಿ ಆದೋನಿಯ ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿದ್ದಳು. ಲಾವಣ್ಯಳದು ಪತ್ತಿಕೊಂಡದ ಕಾಲೇಜು, ಕೊನೆಯ ವರ್ಷ. ಈ ಸಲ ತಪ್ಪಿದರೆ ಅವಳಿಗೆ ಮತ್ತೊಂದು ಸಲ ಇರಲಿಲ್ಲ.

ಆಯ್ಕೆಗಾರರು ಇಬ್ಬರು. ಪಂಪಣ್ಣ ಮೂವತ್ತು ವರ್ಷ ಬೇರೆ ಬೇರೆ ಕಾಲೇಜುಗಳಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು. ರೇವಣಸಿದ್ದಯ್ಯನವರ ಮನೆಯವರದು ಹತ್ತಿ ವ್ಯಾಪಾರ. ಅಂಗಡಿಯನ್ನು ಮಗನಿಗೆ ಬಿಟ್ಟ ಮೇಲೆ ಅವರು ದಿನಾ ಬೆಳಿಗ್ಗೆ ಆದೋನಿ ಕಾಲೇಜಿನ ಮಕ್ಕಳನ್ನು ಓಡಿಸುತ್ತಿದ್ದರು. ಗಂಗೋತ್ರಿಯನ್ನು ತಯಾರು ಮಾಡಿದ್ದು ಅವರೇ. ಇಬ್ಬರಿಗೂ ಅರವತ್ತನಾಲ್ಕು.

1981ರಲ್ಲಿ ಇದೇ ಮೈದಾನದಲ್ಲಿ, ಇದೇ ದೂರದ ಓಟದಲ್ಲಿ ರೇವಣಸಿದ್ದಯ್ಯ ಪಂಪಣ್ಣನನ್ನು ಒಂದು ಮಾರಿನ ಅಂತರದಲ್ಲಿ ಸೋಲಿಸಿದ್ದರು. ಅವತ್ತೂ ಇದ್ದದ್ದು ಒಂದೇ ಜಾಗ. ರೇವಣಸಿದ್ದಯ್ಯ ಹೋದರು, ಪಂಪಣ್ಣ ಉಳಿದರು. ಇಬ್ಬರಲ್ಲಿ ನಿಜಕ್ಕೂ ಯಾರಿಗೆ ಹೆಚ್ಚು ಓಟವಿತ್ತು ಎಂಬ ವಾದ ಅಂದಿನಿಂದ ಮೈದಾನದ ಗೇಟಿನ ಎದುರಿನ ಹೋಟೆಲಿನಲ್ಲಿ ಉಗ್ಗಾಣಿ, ಬಜ್ಜಿಯ ಜೊತೆ ನಡೆದುಕೊಂಡೇ ಬಂದಿತ್ತು. ಹೋಟೆಲಿನ ಮಾಲೀಕರು ಇಬ್ಬರು ಬದಲಾದರು. ವಾದ ಬದಲಾಗಲಿಲ್ಲ.

"ನೋಡಿದೇನ್ಲೇ ಪಂಪ? ಕಡೀ ತಿರುವಿನ್ಯಾಗ ಹೆಂಗ ಬಿಟ್ಟು ಹೋದ್ಲು! ನನ್ನ ಓಟ ನೆನಪಾತು ನೋಡು," ಎಂದರು ರೇವಣಸಿದ್ದಯ್ಯ, ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಳ್ಳುತ್ತ.

"ನಿನಗ ನಿನ್ನ ಓಟ ಬಿಟ್ಟು ಬ್ಯಾರೆ ಯಾವುದು ನೆನಪಾಗತೈತಿ ಸಾಮಿ? ಬಜ್ಜಿ ಕಡದ್ರೂ ಅದೇ ನೆನಪು."

"ಗೆದ್ದಾಂವಗ ನೆನಪಿರತೈತಿ. ಸೋತಾಂವ ಮರೀಬೇಕು. ನೀನೂ ಮರ್ತಿಲ್ಲ, ಅದೇ ತಮಾಷಿ."

ಪಂಪಣ್ಣ ನಕ್ಕರು, ಆದರೆ ಕಣ್ಣು ಲಾವಣ್ಯಳ ಮೇಲಿತ್ತು. ಅವಳು ಮೊಣಕಾಲಿಗೆ ಕೈಕೊಟ್ಟು ಬಗ್ಗಿ ನಿಂತಿದ್ದಳು. ಅವಳ ಓಟವನ್ನು ಅವರು ನೋಡಿದ್ದು ಇವತ್ತೇ ಮೊದಲು. ನೇರ ಹಾದಿಯಲ್ಲಿ ಪ್ರತಿ ಸಲ ಅವಳು ಗಂಗೋತ್ರಿಯ ಬೆನ್ನಿಗೆ ಹತ್ತುತ್ತಿದ್ದಳು. ಪ್ರತಿ ತಿರುವಿನಲ್ಲಿ ಮತ್ತೆ ಹಿಂದೆ ಬೀಳುತ್ತಿದ್ದಳು. ದಣಿದವರು ಕೊನೆಯ ತಿರುವಿನಲ್ಲಿ ಬೀಳುತ್ತಾರೆ. ಇವಳು ಮೊದಲನೆಯದರಲ್ಲೇ ಬಿದ್ದಿದ್ದಳು.

"ಈ ಲಾವಣ್ಯ ನಿಮ್ಮ ಕರಿಬಾವಿ ಹುಡುಗಿ ಅಂತ," ಎಂದರು ರೇವಣಸಿದ್ದಯ್ಯ. "ಅದಕ್ಕ ಅಷ್ಟು ನೋಡಾಕ ಹತ್ತೀಯೇನು?"

ಕರಿಬಾವಿ ಪತ್ತಿಕೊಂಡದ ಆಚೆಯ ಹಳ್ಳಿ. ಪಂಪಣ್ಣ ಹುಟ್ಟಿ ಬೆಳೆದದ್ದು ಅಲ್ಲೇ. ಕೆಲಸ ಸಿಕ್ಕಮೇಲೆ ಊರು ಬಿಟ್ಟು ಆದೋನಿಯಲ್ಲಿ ನೆಲೆಸಿದ್ದರು. ಈಚೆಗೆ ಮದುವೆ, ಮಣ್ಣು ಇದ್ದರೆ ಮಾತ್ರ ಹೋಗಿ ಬರುತ್ತಿದ್ದರು. ಈ ಹುಡುಗಿ ಆ ಊರಿನವಳೆಂದು ಅವರಿಗೆ ಗೊತ್ತಿರಲಿಲ್ಲ.

"ಕರಿಬಾವಿಯಾಕ್ಯಾ?" ಎಂದು ಅವರು ಎದ್ದು ತಿರುವಿನ ಕಡೆ ನಡೆದರು.

ಹಿಂದಿನ ಸಂಜೆ ನೀರು ಹೊಡೆದಿದ್ದರಿಂದ ಮಣ್ಣು ಮೆತ್ತಗಿತ್ತು. ಸುಣ್ಣದ ಗೆರೆಗೆ ಹತ್ತಿಕೊಂಡೇ ಗಂಗೋತ್ರಿಯ ಮತ್ತು ಉಳಿದ ಮೂವರ ಹೆಜ್ಜೆಗಳು ಒಂದರ ಮೇಲೊಂದು ಬಿದ್ದಿದ್ದವು. ಅವುಗಳಿಂದ ಒಂದು ಮೀಟರಿಗೂ ಸ್ವಲ್ಪ ಹೆಚ್ಚು ಹೊರಗೆ ಬೇರೆ ಒಂದು ಸಾಲು, ಅದು ಲಾವಣ್ಯಳದು. ತಿರುವಿನ ಬಾಯಿಯಲ್ಲಿ ಗೆರೆಯ ಹತ್ತಿರವೇ ಶುರುವಾಗಿ, ಮಧ್ಯಕ್ಕೆ ಬರುವಾಗ ಹೊರಗೆ ಜಾರಿ, ನೇರ ಹಾದಿ ಸಿಕ್ಕಾಗ ಮತ್ತೆ ಒಳಗೆ ಬಂದಿತ್ತು. ಎದುರಿನ ತಿರುವಿಗೂ ಹೋಗಿ ನೋಡಿದರು. ಅಲ್ಲಿಯೂ ಹಾಗೇ. ಹೊರಗಿನ ಸಾಲಿನಲ್ಲಿ ಬಲಗಾಲಿನ ಹೆಜ್ಜೆ ಮಾತ್ರ ಆಳವಾಗಿ ಊರಿತ್ತು.

ಪಂಪಣ್ಣನಿಗೆ 1981ರ ಆ ಓಟದ ಮಾರನೆಯ ಬೆಳಿಗ್ಗೆ ನೆನಪಾಯಿತು. ಸೋತ ಸಿಟ್ಟಿನಲ್ಲಿ ಒಬ್ಬರೇ ಮೈದಾನಕ್ಕೆ ಬಂದಿದ್ದರು. ಬಲಗಾಲಿನ ಕ್ಯಾನ್ವಾಸ್ ಬೂಟಿನ ಹೊರಗಡೆಯ ಅಂಚು ಹರಿದು ಬೆರಳು ಕಾಣುತ್ತಿತ್ತು. ಬೂಟು ಅಗ್ಗದ್ದು, ಅದಕ್ಕೇ ಹರಿದಿದೆ ಎಂದುಕೊಂಡಿದ್ದರು. ರೇವಣಸಿದ್ದಯ್ಯನ ಕಾಲಲ್ಲಿ ಬಳ್ಳಾರಿಯಿಂದ ತಂದ ಮೊಳೆ ಬೂಟುಗಳಿದ್ದವು. ಮುಂದೆ ಎಷ್ಟೋ ವರ್ಷ ಪಂಪಣ್ಣ ತನ್ನ ಸೋಲಿಗೆ ಬೂಟಿನ ಕಾರಣವನ್ನೇ ಹೇಳಿಕೊಂಡು ಬಂದಿದ್ದರು, ಹೋಟೆಲಿನಲ್ಲಿ, ಮನೆಯಲ್ಲಿ, ತನಗೆ ತಾನೇ.

ಅವರು ಲಾವಣ್ಯಳನ್ನು ಕರೆದರು. ಹುಡುಗಿ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು. ಗಂಗೋತ್ರಿಯೂ ಹಿಂದೆಯೇ ಬಂದಳು, ಕರೆಯದಿದ್ದರೂ.

"ಊರಾಗ ಎಲ್ಲಿ ಓಡ್ತಿ ಬೇ ನೀನು?"

"ಹನುಮಪ್ಪನ ಬಯಲಾಗ್ರಿ ಸರ್. ನಮ್ಮ ಕಾಲೇಜಿಗೆ ಗ್ರೌಂಡ್ ಇಲ್ರಿ."

"ಕಲ್ಲು ಇನ್ನಾ ಐತಾ, ನಡುವ?"

"ಐತ್ರಿ. ನಿಮಗ ಹೆಂಗ ಗೊತ್ತು?"

"ಗೊತ್ತು. ಯಾ ಕಡೀಗೆ ಓಡ್ತಿ?"

ಲಾವಣ್ಯಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಯಾ ಕಡೀಗೆ ಅಂದ್ರ? ಎಲ್ಲಾರೂ ತಿರುಗೂ ಕಡೀಗೇ ಸರ್."

"ಹನುಮಪ್ಪ ಯಾ ಕೈಗೆ ಬರ್ತಾನ?"

"ಬಲಗೈಗೆ ರಿ. ಮತ್ತೆ ದೇವ್ರನ್ನ ಎಡಕ್ಕ ಇಟ್ಕೊಂಡು ಯಾರು ತಿರುಗತಾರ್ರಿ?" ಎಂದು ಹುಡುಗಿ ನಕ್ಕಳು. "ಹಂಗ ತಿರುಗಿದ್ರ ಅವ್ವ ಕಾಲಾನ ಕಾಲ್ಮರಿ ತಗದು ಹೊಡೀತಾಳ."

ಪಂಪಣ್ಣ ನಗಲಿಲ್ಲ. ಆರೇಳು ವರ್ಷದವರಿದ್ದಾಗ ಅವರೂ ಅದೇ ಬಯಲಿನಲ್ಲಿ, ಎರೆಮಣ್ಣಿನ ಮೇಲೆ, ಕುಂಕುಮ ಎಣ್ಣೆ ಮೆತ್ತಿದ ಹನುಮಪ್ಪನ ಆ ಗಿಡ್ಡ ಕಲ್ಲಿನ ಸುತ್ತ ಓಡುತ್ತಿದ್ದರು. ಶನಿವಾರ ಸಂಜೆ ಊರಿನ ಹುಡುಗರೆಲ್ಲ ಸೇರುತ್ತಿದ್ದರು. ಹೆಂಗಸರು ತೆಂಗಿನಕಾಯಿ ಒಡೆಸಿಕೊಂಡು ಮನೆಗೆ ಹೊರಡುವವರೆಗೆ ಓಟ ನಡೆಯುತ್ತಿತ್ತು. ಕೊನೆಗೆ ಉಳಿದವನಿಗೆ ಒಂದು ಚೂರು ಕೊಬ್ಬರಿ. ಅವರು ಎಷ್ಟು ಸಲ ಆ ಕೊಬ್ಬರಿ ತಿಂದಿದ್ದರೋ. ಕಾಲೇಜಿಗೆ ಬರುವವರೆಗೂ ಅವರು ಬೇರೆ ಕಡೆಗೆ ಸುತ್ತಿರಲಿಲ್ಲ. ಮುಂದೆ ಮೂವತ್ತು ವರ್ಷ ಸಾವಿರಾರು ಮಕ್ಕಳಿಗೆ ಎಡಗೈ ಒಳಗಿರಲಿ ಎಂದು ಹೇಳಿಕೊಟ್ಟರೂ ಆ ಬಯಲು ಒಮ್ಮೆಯೂ ನೆನಪಿಗೆ ಬಂದಿರಲಿಲ್ಲ. ಬೇರೆ ಕಡೆಗೂ ಸುತ್ತಬಹುದು ಎಂದು ಊರಿನ ಯಾರಿಗೂ ಅನಿಸಿರಲೇ ಇಲ್ಲ.

ರೇವಣಸಿದ್ದಯ್ಯ ಹತ್ತಿರ ಬಂದಾಗ ಪಂಪಣ್ಣ ಹೆಜ್ಜೆಗಳನ್ನು ತೋರಿಸಿದರು. "ಆಕಿ ಹುಟ್ಟಿದಾಗಿಂದ ಬಲಕ್ಕ ಸುತ್ತ್ಯಾಳ ಸಾಮಿ. ಇಲ್ಲಿ ಎಡಕ್ಕ. ಹೊರಗ ಜಾರತಾಳ. ಒಂದು ತಿರುವಿಗೆ ನಾಕು ಮೀಟರ್ ಹೆಚ್ಚು ಓಡ್ಯಾಳ. ತಿರುವು ಏಳು."

ರೇವಣಸಿದ್ದಯ್ಯ ವ್ಯಾಪಾರದ ಮನೆಯವರು, ಲೆಕ್ಕ ತಡವಾಗಲಿಲ್ಲ. ಲಾವಣ್ಯ ಸೋತದ್ದು ಎರಡು ಸೆಕೆಂಡಿನಲ್ಲಿ, ಅಂದರೆ ಹತ್ತು ಮೀಟರಿನಲ್ಲಿ. ಅವಳು ಹೆಚ್ಚಾಗಿ ಓಡಿದ್ದು ಅದರ ಎರಡೂವರೆ ಪಟ್ಟಿಗೂ ಹೆಚ್ಚು.

"ಕಾಗದದ ಲೆಕ್ಕ," ಎಂದರು ಅವರು. "ನಾ ಒಪ್ಪಂಗಿಲ್ಲ. ಹುಡುಗೇರ್ನ ತಿರುಗಿಸಿ ಓಡಸು. ಒಂದು ಸುತ್ತು. ಬಲಕ್ಕ."

"ನಾನ್ಯಾಕ್ರಿ ಸರ್ ಉಲ್ಟಾ ಓಡ್ಲಿ?" ಎಂದಳು ಗಂಗೋತ್ರಿ. "ಗೆದ್ದೀನಲ್ರಿ ನಾನು?"

"ಗೆದ್ದೀ ತಾಯಿ. ಯಾರು ಇಲ್ಲ ಅಂದ್ರು? ನನ್ನ ಸಮಾಧಾನಕ್ಕ ಓಡು."

ಅರ್ಧ ಗಂಟೆ ವಿಶ್ರಾಂತಿ ಕೊಟ್ಟು, ಎಂಟು ಗಂಟೆಗೆ ಇಬ್ಬರನ್ನೂ ಬಲಕ್ಕೆ ತಿರುಗಿಸಿ ನಿಲ್ಲಿಸಿದರು. ರಸ್ತೆಯಲ್ಲಿ ಹತ್ತಿ ತುಂಬಿದ ಲಾರಿಗಳು ಮಾರ್ಕೆಟ್ ಕಡೆ ಸಾಲುಗಟ್ಟಿದ್ದವು. ಒಬ್ಬ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, ಆ ಕಡೆಯಲ್ಲ ಈ ಕಡೆ ಎಂದು ತೆಲುಗಿನಲ್ಲಿ ಕೂಗಿದ: "ಅಮ್ಮಾ, ಅಟು ಕಾದು, ಇಟು!"

ಮೊದಲ ತಿರುವಿನಲ್ಲೇ ಗಂಗೋತ್ರಿ ಹೊರಗೆ ಎಸೆದಂತೆ ಜಾರಿದಳು. ಸರಿಪಡಿಸಿಕೊಳ್ಳಲು ಹೋಗಿ ಹೆಜ್ಜೆ ತಪ್ಪಿ, ಕೈ ಅಗಲಿಸಿ ತೂಕ ಹಿಡಿದಳು. ಲಾವಣ್ಯ ಸುಣ್ಣದ ಗೆರೆಯನ್ನು ಒಂದು ಕಡೆಯೂ ಬಿಡಲಿಲ್ಲ. ಬಲಭುಜ ಸ್ವಲ್ಪ ತಗ್ಗಿಸಿ, ಮನೆಯ ಹಿತ್ತಲಲ್ಲಿ ಓಡಾಡಿದಂತೆ ತಿರುಗಿದಳು. ಅವಳು ಗೆರೆ ಮುಟ್ಟಿದಾಗ ಗಂಗೋತ್ರಿ ಹದಿನೈದು ಮೀಟರ್ ಹಿಂದಿದ್ದಳು.

ರೇವಣಸಿದ್ದಯ್ಯ ಲಾವಣ್ಯಳನ್ನು ನೋಡುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ಗಂಗೋತ್ರಿಯನ್ನು, ಅವಳು ತಿರುವಿನಲ್ಲಿ ಕೈ ಅಗಲಿಸಿದ ರೀತಿಯನ್ನು.

"ನೀನೂ ಹಂಗ ಕೈ ಮಾಡ್ತಿದ್ದಿ," ಎಂದರು. "ಕೋಳಿ ರೆಕ್ಕಿ ಬಡದಂಗ. ನಾವೆಲ್ಲಾ ನಗತಿದ್ವಿ."

"ನೆನಪೈತಿ."

"ಹಂಗಾದ್ರ ಅವತ್ತು ನಾ ಗೆದ್ದಿಲ್ಲ ಅಂತೀಯೇನು?"

"ಗೆದ್ದಿ. ಓಟ ಎಡಕ್ಕಿತ್ತು, ನೀ ಗೆದ್ದಿ."

ರೇವಣಸಿದ್ದಯ್ಯ ಸ್ಟಾಪ್‌ವಾಚನ್ನು ಜೇಬಿನಿಂದ ತೆಗೆದು, ನೋಡದೆ, ಮತ್ತೆ ಜೇಬಿಗೆ ಹಾಕಿದರು. ಅವರ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಮೇಲೆ, ವಿಶ್ವವಿದ್ಯಾಲಯದ ಬನಿಯನ್ ತೊಟ್ಟ ಇಪ್ಪತ್ತೊಂದು ವರ್ಷದ ರೇವಣಸಿದ್ದಯ್ಯನ ಫೋಟೋ ಇನ್ನೂ ತೂಗುತ್ತಿತ್ತು. ಮಗ ಅಂಗಡಿಗೆ ಬಣ್ಣ ಹೊಡೆಸಿದಾಗಲೂ ಅವರು ಅದನ್ನು ತೆಗೆಯಲು ಬಿಟ್ಟಿರಲಿಲ್ಲ.

"ಅಲ್ಲಿ ಯಾರೂ ಬಲಕ್ಕ ಓಡಸಂಗಿಲ್ಲ," ಎಂದರು ರೇವಣಸಿದ್ದಯ್ಯ. "ಮೀಟ್‌ಗೆ ಇರೋದು ನಾಕು ವಾರ. ಅಷ್ಟರಾಗ ತಿದ್ದಬಹುದೇನು?"

"ಪೂರಾ ಆಗಂಗಿಲ್ಲ. ಅರ್ಧ ಆಗತೈತಿ."

"ಅರ್ಧ ಅಂದ್ರೂ ಗಂಗೋತ್ರಿಗಿಂತ ಮುಂದ."

"ಅದನ್ನ ನಾ ಹೇಳಂಗಿಲ್ಲ ಸಾಮಿ. ನಮ್ಮೂರ ಹುಡುಗಿ. ಕಂಡದ್ದು ಹೇಳೀನಿ, ಹೆಸರು ನೀ ಹೇಳು. ಗಂಗೋತ್ರಿ ಅಂದ್ರೂ ನಂದು ಒಪ್ಪಿಗಿ. ಗೆದ್ದಾಕಿ ಆಕಿ."

"ಅಬ್ಬಬ್ಬಾ! ನಲವತ್ತು ವರ್ಷ ಬೂಟು ಬೂಟು ಅಂತ ನನ್ನ ತಲಿ ತಿಂದಿ. ಈಗ ಖರೇ ಕಾರಣ ಸಿಕ್ಕಮ್ಯಾಲೆ ದೊಡ್ಡ ಮನಷ್ಯಾ ಆಗಾಕ ಹೊಂಟಿ."

ಹುಡುಗಿಯರಿಬ್ಬರೂ ಅಷ್ಟು ದೂರದಲ್ಲಿ ಬೇರೆ ಬೇರೆಯಾಗಿ ಕೂತಿದ್ದರು. ಲಾವಣ್ಯ ಬೂಟಿನ ಲೇಸು ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚುತ್ತಿದ್ದಳು. ಒಂಬತ್ತೂವರೆಗೆ ರೇವಣಸಿದ್ದಯ್ಯ ಫೋನ್ ತೆಗೆದು ಅವರಿಬ್ಬರ ಎದುರಿಗೇ ಕರ್ನೂಲಿಗೆ ಮಾತನಾಡಿದರು. ತೆಲುಗಿನಲ್ಲಿ ಕಾಲೇಜು, ಊರು, ಓಡಿದ ಸಮಯ ಎಲ್ಲ ಹೇಳಿ ಕೊನೆಗೆ ಹೆಸರು ಹೇಳಿದರು: ಲಾವಣ್ಯ.

ಗಂಗೋತ್ರಿ ಎದ್ದಳು. "ನಿಮ್ಮ ಕೈಯಾಗ ಕಲ್ತಾಕಿ ನಾನು, ಸರ್. ಗೆದ್ದಾಕಿನೂ ನಾನು."

"ಹೌದವ್ವ. ನಿನಗಿನ್ನ ಒಂದು ವರ್ಷ ಐತಿ. ಆಕಿಗೆ ಇಲ್ಲ. ಅದೊಂದೇ ಅಲ್ಲ ಮತ್ತ, ಆಕಿ ಓಟ ನಿನಗಿಂತ ದೊಡ್ಡದೈತಿ. ಸುಳ್ಳು ಹೇಳ್ಲೇನು ನಿನಗ?"

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಗೇಟಿನವರೆಗೆ ಅವಳನ್ನೇ ನೋಡಿ ರೇವಣಸಿದ್ದಯ್ಯ, "ಅವತ್ತು ನೀನೂ ಹಿಂಗ ಹೋಗಿದ್ದಿ," ಎಂದರು.

"ನಾನು ಅಳಕೋತ ಹೋಗಿದ್ನಿ. ಆಕಿ ಸಿಟ್ಟಿಲೆ ಹೊಂಟಾಳ. ಓಡತಾಳ ಬಿಡು."

ಅಂದು ಹೋಟೆಲಿನಲ್ಲಿ ಅವರಿಬ್ಬರೂ ಓಟದ ವಿಷಯ ಎತ್ತಲಿಲ್ಲ. ರೇವಣಸಿದ್ದಯ್ಯ ಒಂದು ಬಜ್ಜಿಯನ್ನು ಪಂಪಣ್ಣನ ತಟ್ಟೆಗೆ ಹಾಕಿದರು. ಕರಿಬಾವಿಯಲ್ಲಿ ಶನಿವಾರ ಈಗಲೂ ಕೊಬ್ಬರಿ ಕೊಡುತ್ತಾರೋ ಎಂದು ಕೇಳಿದರು. ಪಂಪಣ್ಣನಿಗೆ ಗೊತ್ತಿರಲಿಲ್ಲ.

ಮಾರನೆಯ ದಿನದಿಂದ ಲಾವಣ್ಯ ಪತ್ತಿಕೊಂಡದ ಮೊದಲ ಬಸ್ಸಿಗೆ ಬಂದು ಆದೋನಿಯ ಮೈದಾನದಲ್ಲಿ ಎಡಕ್ಕೆ ಓಡಿದಳು. ಮೂರನೆಯ ದಿನ ಗಂಗೋತ್ರಿಯೂ ಬಂದಳು. ನಾಲ್ಕು ವಾರದ ನಂತರ ಅಂತರ್‌ವಿಶ್ವವಿದ್ಯಾಲಯ ಕ್ರೀಡಾಕೂಟದ ಫೈನಲಿನಲ್ಲಿ ಹನ್ನೆರಡು ಜನ ಓಡಿದರು. ಲಾವಣ್ಯ ಆರನೆಯವಳಾಗಿ ಬಂದಳು.