ನಾಯಿ ಯಾವ ಕಡೆ ಇತ್ತು

ಬಚ್ಚಲಿನ ನಲ್ಲಿಯ ಕೆಳಗೆ ಕಾಲು ಚಾಚಿ ಕೂತಿದ್ದ, ಶಾಲೆ ಮಕ್ಕಳ ವ್ಯಾನ್ ಮಾಮ, ಸೋಪಿನ ನೊರೆಯ ಜೊತೆ ಹರಿದುಹೋಗುತ್ತಿದ್ದ ತೆಳುಗೆಂಪು ನೀರನ್ನೇ ನೋಡುತ್ತಿದ್ದ. ಗಾಯ ದೊಡ್ಡದೇನಲ್ಲ. ಎಡಗಾಲಿನ ಮೀನಖಂಡದ ಮೇಲೆ ಎರಡು ಹಲ್ಲಿನ ಗುರುತು, ಅಷ್ಟೆ. ಆದರೆ ಅವನ ಮುಖ ನಾಯಿಯಿಂದ ಕಚ್ಚಿಸಿಕೊಂಡವನ ಮುಖದಂತಿರಲಿಲ್ಲ. ಸ್ವಂತ ಮನೆಯವರೇ ನಾಲ್ಕು ಜನರೆದುರು ಕಪಾಳಕ್ಕೆ ಬಾರಿಸಿದಂತಿತ್ತು.

"ನಿಮ್ಮಣ್ಣಂಗೆ ಫೋನ್ ಮಾಡು," ಎಂದ. "ಇವತ್ತೇ ಬಂದು ತಗೊಂಡು ಹೋಗ್ಲಿ."

ಅವನ ಹೆಂಡತಿ, ಬೀದಿಗೆಲ್ಲ ಟೈಲರಮ್ಮ, ಟವೆಲು ಹಿಡಿದು ನಿಂತಿದ್ದಳು. ಹೇಳುವುದಕ್ಕೆ ಉಳಿದಿದ್ದಾದರೂ ಏನು? ಗುರುಗುಟ್ಟಿದಾಗ ಇನ್ನೂ ಮರಿ ಅಲ್ವಾ ಎಂದಿದ್ದಳು. ಪ್ಯಾಂಟಿನ ಅಂಚು ಕಚ್ಚಿ ಎಳೆದಾಗ ಹಲ್ಲು ಬಲೀತಿವೆ, ವಸಡು ನವೆ ಎಂದಿದ್ದಳು. ರಕ್ತ ಬಂದ ಮೇಲೆ ಯಾವ ನೆಪವೂ ನಿಲ್ಲುವುದಿಲ್ಲ. ಅವನು ಹಠ ಹಿಡಿಯುವ ಗಂಡಸೂ ಅಲ್ಲ. ಇಂಥವರು ಒಂದು ಸಲ ಬೇಡ ಎಂದರೆ ಮುಗಿಯಿತು.

ಅಪರಾಧಿ ಹೊಲಿಗೆ ಯಂತ್ರದ ಕೆಳಗೆ, ಬಟ್ಟೆ ಚೂರುಗಳ ಗುಡ್ಡೆಯ ಮೇಲೆ, ಮೂತಿಯನ್ನು ಮುಂಗಾಲುಗಳ ನಡುವೆ ಹುದುಗಿಸಿ ಮಲಗಿತ್ತು. ಅದಕ್ಕಿನ್ನೂ ವರ್ಷ ತುಂಬಿರಲಿಲ್ಲ. ಮಳೆಗೆ ನೆನೆದು ವ್ಯಾನಿನ ಚಕ್ರದ ಬಳಿ ನಡುಗುತ್ತಿದ್ದ ಅಂಗೈಯಗಲದ ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ತಂದವನು ಅವನೇ. ಬಂದ ದಿನವೇ ಅದು ಯಂತ್ರದ ಕೆಳಗೆ ಬಿದ್ದಿದ್ದ ಕೋಟಿನ ಬಟನ್ ನುಂಗಿತು. ಅದು ಹೊರಗೆ ಬೀಳುವತನಕ ಗಂಡ ಹೆಂಡತಿ ಸರದಿಯ ಮೇಲೆ ಕಾವಲು ಕಾದರು. ಹಾಗಾಗಿ ಹೆಸರು ಬಟನ್. ಮೊದಮೊದಲು ಅದು ಮಲಗುತ್ತಿದ್ದದ್ದು ಅವನ ಎದೆಯ ಮೇಲೇ.

ಆಮೇಲೆ ಅದಕ್ಕೆ ಏನಾಯಿತೋ. ವಿಚಿತ್ರವೆಂದರೆ, ಪ್ರೀತಿ ಹೋಗಿದ್ದರೆ ಪೂರ್ತಿ ಹೋಗಬೇಕಿತ್ತು. ಹೋಗಿರಲಿಲ್ಲ. ಸಂಜೆ ತಿರುವಿನಲ್ಲಿ ವ್ಯಾನಿನ ಹಾರ್ನ್ ಕೇಳಿದರೆ ಸಾಕು, ಬಟನ್ ಗೇಟಿನ ಬಳಿ ಬುಗುರಿಯಂತೆ ತಿರುಗುತ್ತಿತ್ತು. ಎದುರಿಗೆ ನೆಗೆದು ಅವನ ಕೈ ನೆಕ್ಕುತ್ತಿತ್ತು. ಅದೇ ನಾಯಿ ಮುಂದೆ ಓಡಿ ಯಂತ್ರದ ಕೆಳಗೆ ಸೇರಿಕೊಂಡು, ಅವನು ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆಯಿಟ್ಟು ಯಂತ್ರವನ್ನು ದಾಟುವಾಗ ಹಲ್ಲು ಕಿಸಿದು ಗುರ್ ಎನ್ನುತ್ತಿತ್ತು. ಮುಖ ತೊಳೆದು ಹೊರಗೆ ಬರುವಾಗ ಅದೇ ಜಾಗದಲ್ಲಿ ಮಲಗಿದ್ದಂತೆಯೇ ಬಾಲದಿಂದ ನೆಲ ಗುಡಿಸುತ್ತಿತ್ತು.

ಇದನ್ನು ಮೊದಲು ಗಮನಿಸಿದ್ದು ಅತ್ತೆ, ಅಂದರೆ ವ್ಯಾನ್ ಮಾಮನ ತಾಯಿ. ಮಂಚ ಬಿಟ್ಟು ಇಳಿಯುವುದು ಕಡಿಮೆಯಾದರೂ ನಾಲಿಗೆಗೆ ನಿವೃತ್ತಿ ಸಿಕ್ಕಿರಲಿಲ್ಲ. "ಒಳಗೆ ಬರೋರಿಗೆ ಗುರ್ ಅನ್ನುತ್ತೆ, ಹೊರಗೆ ಹೋಗೋರಿಗೆ ಬಾಲ ಆಡಿಸುತ್ತೆ," ಎಂದಿದ್ದಳು. "ನಮ್ಮ ಬೀಗರ ಮನೇಲಿ ಪಾಠ ಕಲಿತು ಬಂದಿರಬೇಕು." ಟೈಲರಮ್ಮನೂ ನಕ್ಕಿದ್ದಳು. ಆಗ ನಗುವಂತಿತ್ತು.

ಹೋದ ವಾರ ಅವಳು ಯಾರಿಗೂ ಹೇಳದೆ ಬಟನ್‌ನನ್ನು ಪಶುವೈದ್ಯರಿಗೆ ತೋರಿಸಿಕೊಂಡು ಬಂದಿದ್ದಳು. ವೈದ್ಯರು ಕಿವಿ, ಹಲ್ಲು, ಹೊಟ್ಟೆ ನೋಡಿ ಎಲ್ಲ ಸರಿಯಿದೆ, ಚುಚ್ಚುಮದ್ದುಗಳೂ ಆಗಿವೆ ಎಂದವರು, ಬಾಲದ ಬುಡ ಮುಟ್ಟಿದಾಗ ನಾಯಿ ಕುಯ್‌ಗುಟ್ಟಿದ್ದನ್ನು ಕಂಡು ಕಾಲುಗಳನ್ನೂ ಒತ್ತಿ ನೋಡಿದರು. ಮುಂಗಾಲಿನ ಒಂದು ಬೆರಳು ಮುರಿದು ತಾನಾಗಿಯೇ ಕೂಡಿಕೊಂಡಿತ್ತು. ಇದು ಸ್ವಭಾವ ಕೆಟ್ಟ ನಾಯಿಯಲ್ಲ, ಹೆದರಿದ ನಾಯಿ ಎಂದರು. ಒಂದಲ್ಲ, ಹಲವು ಸಲ ಪೆಟ್ಟು ತಿಂದಿದೆ, ಮನೆಯಲ್ಲಿ ಯಾರಾದರೂ ಒದೆಯುತ್ತಾರಾ ಎಂದು ಕೇಳಿದರು. ಛೆ, ನಮ್ಮನೆಯಲ್ಲಾ ಎಂದು ಎದ್ದು ಬಂದಿದ್ದಳು. ಆದರೆ ಆ ಮಾತು ಅಂಗಿಯೊಳಗೆ ಉಳಿದ ಗುಂಡುಸೂಜಿಯಂತೆ ಅಂದಿನಿಂದ ಚುಚ್ಚುತ್ತಲೇ ಇತ್ತು. ಅತ್ತೆ ಮಂಚದ ಮೇಲೆ. ತಾನು ಒದ್ದಿಲ್ಲ. ಇನ್ನುಳಿದವರು ಯಾರು?

ಅಣ್ಣನಿಗೆ ಫೋನ್ ಮಾಡಿದಳು. ಅವನದು ಗ್ಯಾರೇಜು, ಎಲ್ಲರೂ ಕರೆಯುವುದೇ ಗ್ಯಾರೇಜಣ್ಣ ಎಂದು. ಗುಜರಿ ಸಾಮಾನು ಕಾಯಲು ನಾಯಿಯೊಂದು ಬೇಕೇಬೇಕಿತ್ತು, ಊಟ ಮುಗಿಸಿ ಸರಪಳಿ ತರುತ್ತೇನೆ ಎಂದ. ಅಲ್ಲಿದ್ದ ಹಳೆಯ ನಾಯಿಯನ್ನು ಅವಳು ನೋಡಿದ್ದಳು. ಅದು ಸತ್ತ ಮೇಲೂ ಎಣ್ಣೆ ಕುಡಿದು ಕಪ್ಪಾದ ಮಣ್ಣಿನಲ್ಲಿ, ಕಂಬದ ಸುತ್ತ, ಸರಪಳಿಯುದ್ದದ ಒಂದು ವೃತ್ತ ಹಾಗೇ ಉಳಿದಿತ್ತು.

ಫೋನ್ ಇಟ್ಟು ಬಂದವಳು ಗಂಡನ ಕಾಲಿಗೆ ಬಟ್ಟೆ ಸುತ್ತುತ್ತ, ತಲೆ ಎತ್ತದೆ ಕೇಳಿಯೇಬಿಟ್ಟಳು.

"ನೀವು ಅದಕ್ಕೆ ಒದ್ದಿದ್ದೀರಾ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಾಲು ಹಿಂದಕ್ಕೆ ಎಳೆದುಕೊಂಡ.

"ವ್ಯಾನು ತುಂಬ ಮಕ್ಕಳನ್ನ ದಿನಾ ಕರ್ಕೊಂಡು ಹೋಗ್ತೀನಿ. ಒಂದು ಮಗೂಗೆ ಜೋರಾಗಿ ಗದರಿದ್ದು ಯಾರಾದ್ರೂ ಹೇಳ್ಲಿ ನೋಡೋಣ. ಶುಕ್ರವಾರ ಆ ಗಿಡ್ಡ ಕೂದಲಿನ ಹುಡುಗಿಗೆ ಬೈದಿದ್ದು ಒಂದು ಬಿಟ್ರೆ."

ಆ ಸಂಗತಿ ಅವಳಿಗೆ ಗೊತ್ತಿತ್ತು. ಶುಕ್ರವಾರ ಸಂಜೆ ಅವನು ಬಂದು ಅನ್ನವನ್ನೂ ಮುಟ್ಟದೆ ಕೂತಿದ್ದ. ವ್ಯಾನು ಹೊರಡಿಸಿದ್ದನಂತೆ, ಒಳಗಿದ್ದ ಮಕ್ಕಳೆಲ್ಲ ಮಾಮಾ ಮಾಮಾ ಎಂದು ಕಿರುಚಿದರಂತೆ, ಬ್ರೇಕ್ ತುಳಿದು ಇಳಿದು ನೋಡಿದರೆ ಆ ಹುಡುಗಿ ಚಕ್ರಕ್ಕೆ ಗೇಣು ದೂರದಲ್ಲಿ ನಿಂತಿದ್ದಳಂತೆ. ಈಗಿನ ಮಕ್ಕಳಿಗೆ ಭಯವೇ ಇಲ್ಲ, ಎಲ್ಲಿಂದ ಉದುರುತ್ತಾರೋ ದೇವರಿಗೇ ಗೊತ್ತು ಎಂದಿದ್ದ.

"ಮಕ್ಕಳ ಮಾತಲ್ಲ ನಾನು ಕೇಳಿದ್ದು," ಎಂದಳು.

"ಇಷ್ಟು ವರ್ಷ ಜೊತೇಲಿದ್ದು ಇದನ್ನ ಕೇಳೋ ಹಾಗಾಯ್ತಲ್ಲ ನಿಂಗೆ."

ಎದ್ದು ಕುಂಟುತ್ತ ಒಳಕೋಣೆಗೆ ಹೋದ. ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ಬಡಿಯಿತು. ಸಿಟ್ಟಿನಲ್ಲಿ ಹೋಗುವವರಿಗೆ ಬಾಗಿಲೂ ಅಡ್ಡ ಬರುತ್ತದೆ ಎಂದು ಅತ್ತೆ ಬಟಾಣಿ ಬಿಡಿಸುತ್ತಲೇ ಅಂದಳು.

ಮನಸ್ಸು ಕೆಟ್ಟಾಗ ಕೈಗೆ ಕೆಲಸ ಕೊಡುವುದು ಟೈಲರಮ್ಮನ ಅಭ್ಯಾಸ. ನಾಯಿ ಹರಿದ ಪ್ಯಾಂಟನ್ನು ಯಂತ್ರದ ಮೇಲೆ ಹರಡಿದಳು. ಹರಿದದ್ದು ಎಡಗಾಲು. ಒಳಗಿನಿಂದ ತೇಪೆ ಕೊಡಬೇಕೆಂದು ತಿರುಗಿಸಿದರೆ ಅಲ್ಲಿ ಆಗಲೇ ಒಂದು ತೇಪೆ, ತಾನೇ ಹಾಕಿದ್ದು, ಮೊಣಕಾಲಿನ ಬಳಿ. ಅದೂ ಎಡಗಾಲು.

ಬಟ್ಟೆ ಯಾರದು ಎಂದು ಸವೆತವೇ ಹೇಳುತ್ತದೆ. ಬರೆಯುವವರ ಬಲಗೈ ತೋಳಿನ ಅಂಚು ಸವೆಯುತ್ತದೆ, ಕೂಸು ಎತ್ತುವವರ ಸೊಂಟದ ಬದಿ. ವ್ಯಾನ್ ಮಾಮನ ಬಲ ಮೊಣಕೈ ಸದಾ ಕಿಟಕಿಯ ಮೇಲೆ ಕೂತಿರುತ್ತಿದ್ದರಿಂದ, ಮದುವೆಯಾದಂದಿನಿಂದ ಅವಳು ಬಲ ಮೊಣಕೈಗೇ ತೇಪೆ ಹಾಕುತ್ತ ಬಂದಿದ್ದಳು. ಎದ್ದು ಅವನ ಬಟ್ಟೆಯ ಗಂಟು ಬಿಚ್ಚಿದಳು. ನೀಲಿ ಅಂಗಿ, ಎಡಭುಜ. ಬೂದು ಅಂಗಿ, ಎಡ ಮೊಣಕೈ, ಬಾಗಿಲ ಚಿಲಕಕ್ಕೆ ಸಿಕ್ಕಿ ಹರಿದದ್ದು. ಇನ್ನೊಂದು ಅಂಗಿಯ ಎಡಜೇಬು. ಎಲ್ಲ ಇತ್ತೀಚಿನವು. ಬಲಗಡೆ ಹೊಸ ದಾರದ ಒಂದೇ ಒಂದು ಹೊಲಿಗೆಯಿರಲಿಲ್ಲ.

ಕೆಳಗೆ ಬಟನ್ ನಿಟ್ಟುಸಿರು ಬಿಟ್ಟಿತು. ಅವಳು ನಾಯಿಯನ್ನು ನೋಡಿದಳು, ಬೀದಿಬಾಗಿಲನ್ನು ನೋಡಿದಳು. ಬಾಗಿಲಿನಿಂದ ಒಳಗೆ ಬರುವವರಿಗೆ ಯಂತ್ರ ಎಡಕ್ಕೆ. ಹೊರಗೆ ಹೋಗುವವರಿಗೆ ಬಲಕ್ಕೆ.

ಆಮೇಲೆ ಒಂದರ ಹಿಂದೊಂದು ನೆನಪಾಗತೊಡಗಿದವು. ನೆನಪಾಗದಿದ್ದರೆ ಚೆನ್ನಾಗಿತ್ತು ಎನ್ನಿಸುವಂಥವು. ತಟ್ಟೆಯ ಎಡಪಕ್ಕದಲ್ಲೇ ಉಪ್ಪಿದ್ದರೂ ಅವನು ಉಪ್ಪು ಕೊಡು ಎನ್ನುತ್ತಿದ್ದದ್ದು. ಹೋದ ಬೇಸಿಗೆಯಲ್ಲಿ ಒಂದು ದಿನ ತಲೆ ಸಿಡಿಯುತ್ತಿದೆ ಎಂದು ಹೊದ್ದು ಮಲಗಿ, ಮರುದಿನ ಏನೂ ಆಗದವನಂತೆ ವ್ಯಾನು ತೆಗೆದದ್ದು. ಬಟನ್ ಅವನ ಎದೆ ಬಿಟ್ಟು ಯಂತ್ರದ ಕೆಳಗೆ ಸೇರಿದ್ದೂ ಅದರ ಆಸುಪಾಸಿನಲ್ಲೇ.

ಟೇಪು ಕೊರಳಿಗೆ ಹಾಕಿಕೊಂಡು ಒಳಕೋಣೆಯ ಬಾಗಿಲಲ್ಲಿ ನಿಂತಳು.

"ರೀ, ಎದ್ದು ನಿಲ್ಲಿ. ಅಳತೆ ತಗೋಬೇಕು."

"ಈಗ್ಯಾಕೆ ಅಳತೆ? ಅಪರಾಧಿಗೆ ಹೊಸ ಅಂಗಿ ಹೊಲೀತೀಯಾ?"

"ನಿಲ್ಲಿ ಅಂದ್ನಲ್ಲ."

ದನಿಯಲ್ಲಿ ಏನಿತ್ತೋ, ಅವನು ಎದ್ದು ನಿಂತ. ಗೋಡೆಯ ಮೇಲಿನ ಮೊಳೆಯನ್ನೇ ನೋಡುತ್ತಿರಬೇಕು, ಕಣ್ಣು ಆಚೀಚೆ ಹೋಗಬಾರದು, ಟೇಪು ಕಂಡ ಕೂಡಲೇ ಹೇಳಬೇಕು ಎಂದಳು. ಹಿಂದೆ ನಿಂತು, ಬಲಗೈಯಲ್ಲಿ ಟೇಪಿನ ಹಿತ್ತಾಳೆಯ ತುದಿ ಹಿಡಿದು, ಅವನ ಬಲಗಿವಿಯ ಪಕ್ಕದಿಂದ ಮೆಲ್ಲಗೆ ಮುಂದೆ ತಂದಳು. ಕಿವಿ ದಾಟುತ್ತಿದ್ದಂತೆ ಕಂಡಿತು ಎಂದ. ಕಾಣದೆ ಏನು, ನಾನೇನು ಕುರುಡನೇ ಎಂದೂ ಸೇರಿಸಿದ.

ಟೇಪನ್ನು ಎಡಗೈಗೆ ಬದಲಾಯಿಸಿಕೊಂಡಳು. ಕಿವಿ ದಾಟಿತು. ಅವನು ಮಾತಾಡಲಿಲ್ಲ. ಕೆನ್ನೆ ದಾಟಿತು. ಹುಬ್ಬಿನ ಮುಂದೆ ಬಂದು ನಿಂತಿತು. ಇನ್ನು ಒಂದು ಕೂದಲೆಳೆ ಸರಿದರೂ ರೆಪ್ಪೆಗೆ ತಾಗುವಂತಿತ್ತು.

"ಏನ್ ಮಾಡ್ತಿದೀಯ ಅಲ್ಲಿ?" ಎಂದ ಅವನು, ಮೊಳೆಯನ್ನೇ ನೋಡುತ್ತ. "ಬೇಗ ತೋರ್ಸು. ಕಾಲು ನೋಯ್ತಿದೆ."

ಟೈಲರಮ್ಮನ ಕೈ ಇನ್ನೂ ಸರಿಯಿತು. ಮೂಗಿನ ನೇರಕ್ಕೆ ಬಂದಾಗ ಅವನು ಬೆಚ್ಚಿ ತಲೆ ಹಿಂದಕ್ಕೆ ಎಳೆದುಕೊಂಡ. ಹಿತ್ತಾಳೆಯ ತುದಿ ಗಾಳಿಯಲ್ಲಿ ಹುಟ್ಟಿಬಂದಂತೆ ಅವನೆದುರು ತೂಗುತ್ತಿತ್ತು.

"ಇನ್ನೊಂದ್ಸಲ," ಎಂದ.

ಇನ್ನೊಂದು ಸಲವೂ ಹಾಗೆಯೇ ಆಯಿತು. ಮತ್ತೊಂದು ಸಲ ಅವನೇ ತನ್ನ ಎಡಗೈಯನ್ನು ಎತ್ತಿ ನೋಡಿಕೊಂಡ. ಹೊರಗೆ ಬಟಾಣಿ ಪಾತ್ರೆಗೆ ಬೀಳುವ ಸದ್ದೂ ನಿಂತಿತ್ತು; ಮುದುಕಿಯ ಕಿವಿ ಚುರುಕು.

ಅವನು ಮಂಚದ ಅಂಚಿನಲ್ಲಿ ಕೂತ. ಕಾಣದೆ ಎಷ್ಟು ಸಲ ನಾಯಿಯನ್ನು ತುಳಿದಿತ್ತೋ ಎಂಬಂತೆ ತನ್ನ ಎಡಪಾದವನ್ನೇ ನೋಡಿಕೊಂಡ. ಆಮೇಲೆ, ನಿದ್ದೆ ಸಾಲದೆ ಹೀಗಾಗಿರಬಹುದು ಎಂದ. ಡಾಕ್ಟರಿಗೆ ತೋರಿಸೋಣ ಎಂದ. ಆದರೆ ನಾಳೆ ಬೆಳಿಗ್ಗೆ ಮಕ್ಕಳು ಕಾಯುತ್ತಿರುತ್ತಾರೆ, ಅವರಪ್ಪ ಅಮ್ಮಂದಿರಿಗೆ ತಕ್ಷಣಕ್ಕೆ ಏನು ಹೇಳುವುದು, ವ್ಯಾನು ಬಿಟ್ಟರೆ ಮನೆ ನಡೆಯುವುದು ಹೇಗೆ, ಹಾಗಾಗಿ ನಾಳೆ ಒಂದು ದಿನ ಹುಷಾರಾಗಿ ಹೋಗಿ ಬಂದುಬಿಡುತ್ತೇನೆ ಎಂದ. ಹೇಳುತ್ತ ಹೇಳುತ್ತ ದನಿಗೆ ಧೈರ್ಯ ಬರುತ್ತಿತ್ತು. ಆ ರಸ್ತೆ ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು ಎಂದುಬಿಟ್ಟ.

ಟೈಲರಮ್ಮ ವಾದಿಸಲಿಲ್ಲ. ಟೇಪನ್ನು ಬೆರಳಿಗೆ ಸುತ್ತುತ್ತ ಕೇಳಿದಳು:

"ಶುಕ್ರವಾರ ಆ ಹುಡುಗಿ ಯಾವ ಕಡೆ ನಿಂತಿದ್ಳು?"

ವ್ಯಾನಿನ ಬಾಗಿಲಿರುವುದು ಎಡಕ್ಕೆ. ಮಕ್ಕಳು ಹತ್ತುವುದೂ ಇಳಿಯುವುದೂ ಎಡಕ್ಕೆ.

"ನಾನು ನೋಡ್ದೆ ಕಣೇ," ಎಂದ ಅವನು. "ಆ ಕಡೆ ನೋಡೇ ಗಾಡಿ ಬಿಟ್ಟೆ. ಯಾರೂ ಇರ್ಲಿಲ್ಲ." ಅಂಗೈಯಿಂದ ಎಡಗಣ್ಣು ಉಜ್ಜುತ್ತ, "ಬೈದುಬಿಟ್ಟೆ ಅವಳಿಗೆ. ಅಳ್ತಾ ಹೋದ್ಳು," ಎಂದ.

ಹೊರಗೆ ಸ್ಕೂಟರು ನಿಂತ ಸದ್ದು. ಗ್ಯಾರೇಜಣ್ಣ ಗೇಟು ತಳ್ಳಿಕೊಂಡು, ಹೆಗಲ ಮೇಲೆ ಸರಪಳಿ ಜಣಗುಟ್ಟಿಸುತ್ತ ಬಂದ. ಅವನಿಗೆ ಮಾತಾಡಲು ಎದುರಿಗೆ ಜನ ಬೇಕೆಂದೇನಿಲ್ಲ, ಬೀದಿಯಿಂದಲೇ ಶುರುವಾಗಿತ್ತು.

"ಏನ್ ಭಾವ, ಎಡಗಡೆ ಕನ್ನಡಿ ಮತ್ತೆ ಮುರಿದಿದೀರಲ್ಲ. ಯಾವ ಕಂಬದ ಜೊತೆ ನಿಮ್ಗೆ ಅಷ್ಟು ಸಲಿಗೆ? ನಾನು ಹಾಕೋದು, ನೀವು ಒಡೆಯೋದು. ಎಲ್ಲಿ, ಆ ಪುಂಡ ಎಲ್ಲಿದಾನೆ?"

ಬಾಗಿಲಲ್ಲೇ ನಿಂತ. ತಂಗಿಯ ಮುಖ ನೋಡಿದ, ಮಂಚದ ಮೇಲಿನ ಮುದುಕಿಯನ್ನು ನೋಡಿದ. ಯಾರು ತೀರಿಕೊಂಡರು ಎಂದು ಕೇಳುವವನಂತೆ ಸರಪಳಿಯನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಮುದುಡಿಕೊಂಡ.

ವ್ಯಾನ್ ಮಾಮ ಒಳಕೋಣೆಯಿಂದ ಬಂದ. ನಡುಮನೆಯನ್ನು ಗೋಡೆ ಹಿಡಿದು ದಾಟಿದ. ಇಂದು ಬೆಳಗಿನವರೆಗೆ ಹಾಗೆ ದಾಟಿದವನಲ್ಲ. ಜೇಬಿಗೆ ಕೈ ಹಾಕಿದ. ಕೀಲಿಗೊಂಚಲು ಹೊರಗೆ ಬಂದರೂ ಬೆರಳುಗಳು ತಕ್ಷಣ ಬಿಚ್ಚಲಿಲ್ಲ. ಮಕ್ಕಳು ಯಾರೋ ಕಟ್ಟಿದ್ದ ಪ್ಲಾಸ್ಟಿಕ್ಕಿನ ಹಳದಿ ಬಾತುಕೋಳಿ ಅದರಿಂದ ನೇತಾಡುತ್ತಿತ್ತು.

"ನಾಯಿ ಇರ್ಲಿ," ಎಂದ. "ನೀನು ಗಾಡಿ ತಗೊಂಡು ಹೋಗು. ನಾಳೆಯಿಂದ ಯಾರಾದ್ರೂ ಒಳ್ಳೆ ಡ್ರೈವರ್‌ನ ಹಾಕು. ಬಾಗಿಲ ಹತ್ರ ಇಳಿದು ನೋಡೇ ಹೊರಡ್ಬೇಕು ಅಂತ ಹೇಳು. ಇಳಿದೇ ನೋಡ್ಬೇಕು."

ಗ್ಯಾರೇಜಣ್ಣ ಸರಪಳಿಯನ್ನು ನೆಲಕ್ಕಿಟ್ಟು ಕೀಲಿ ಇಸಿದುಕೊಂಡ. ಇವರಿಗೆ ಎಡಗಡೆಯದು ಕಾಣುತ್ತಿಲ್ಲ, ಕಾಲಿಗೆ ಸೂಜಿಮದ್ದು ಹಾಕಿಸಲು ಹೇಗೂ ಆಸ್ಪತ್ರೆಗೆ ಹೋಗಬೇಕು, ಕಣ್ಣನ್ನೂ ತಲೆಯನ್ನೂ ತೋರಿಸಿಕೊಂಡು ಬರೋಣ, ಇವತ್ತೇ, ವ್ಯಾನು ನೀನೇ ಓಡಿಸು ಎಂದು ಟೈಲರಮ್ಮ ಅಣ್ಣನಿಗೆ ತಗ್ಗಿದ ದನಿಯಲ್ಲಿ ಹೇಳಿ, ಸೀರೆ ಬದಲಾಯಿಸಲು ಒಳಗೆ ಹೋದಳು. ಅತ್ತೆ ಮಂಚದಿಂದ ಇಳಿದು, ಮಗನ ಚಪ್ಪಲಿಗಳನ್ನು ತಾನೇ ತಂದು ಮೆಟ್ಟಿಲ ಮೇಲೆ, ಅವನ ಬಲಕ್ಕೆ ಇಟ್ಟಳು.

ಅವನು ಹೊಸಿಲಿನಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಗೇಟಿನ ಆಚೆ ವ್ಯಾನು ಬೇರೆಯವರ ಕೈಯಲ್ಲಿ ಎರಡು ಸಲ ಕೆಮ್ಮಿ ಶುರುವಾಯಿತು. ಆ ಸದ್ದಿಗೆ ಬಟನ್ ಯಂತ್ರದ ಕೆಳಗಿಂದ ಹೊರಬಂದು, ಕಿವಿ ನಿಮಿರಿಸಿ, ಒಮ್ಮೆ ಗೇಟಿನ ಕಡೆ, ಒಮ್ಮೆ ಹೊಸಿಲಿನ ಕಡೆ ನೋಡಿತು. ಆಮೇಲೆ ಹೊಟ್ಟೆ ನೆಲಕ್ಕೆ ಸವರುವಂತೆ ಕುಗ್ಗಿ ಅವನ ಪಕ್ಕಕ್ಕೆ ಬಂತು. ಬಂದದ್ದು ಎಡಗಡೆಗೆ. ಅದರ ಗಂಟಲಿನಲ್ಲಿ ಆ ಗುರ್ ಸದ್ದು ಮೆಲ್ಲಗೆ ಶುರುವಾಗಿತ್ತು.

ಸೀರೆಯ ಸೆರಗು ಸಿಕ್ಕಿಸುತ್ತ ಬಂದ ಟೈಲರಮ್ಮ ನಡುಮನೆಯಲ್ಲೇ ನಿಂತುಬಿಟ್ಟಳು.

ವ್ಯಾನ್ ಮಾಮ ಕೈ ಚಾಚಲಿಲ್ಲ, ಕರೆಯಲೂ ಇಲ್ಲ. ವ್ಯಾನನ್ನು ಹಿಂದಕ್ಕೆ ತೆಗೆಯುವಾಗ ತಿರುಗಿಸುತ್ತಿದ್ದನಲ್ಲ, ಹಾಗೆ ಕತ್ತನ್ನು ಎಡಕ್ಕೆ ತಿರುಗಿಸಿದ. ಸಾಲಲಿಲ್ಲ. ಭುಜವನ್ನೂ ತಿರುಗಿಸಿ, ಒಂದು ಕೈಯನ್ನು ಚೌಕಟ್ಟಿಗೆ ಕೊಟ್ಟು, ಮತ್ತೂ ಸ್ವಲ್ಪ ತಿರುಗಿದ. ಮೊದಲು ಕಪ್ಪು ಮೂಗು, ಆಮೇಲೆ ಎರಡು ಕಣ್ಣು, ಆಮೇಲೆ ಇಡೀ ನಾಯಿ ಅವನೆದುರಿಗೆ ಬಂತು.

ಗಂಟಲಿನ ಸದ್ದು ನಿಂತಿತು.