ಗೆಜೆಟ್ ಕಟ್ಟುಗಳ ಹಿಂದೆ ಹನ್ನೊಂದು ವರ್ಷ

ನಾನು ಒಂದು ಪುಸ್ತಕ. ಕಥೆ ಪುಸ್ತಕವಿರಬಹುದೆಂದು ಆಸೆ ಪಡಬೇಡಿ. ನಾನು ಸಂಖ್ಯಾಶಾಸ್ತ್ರದ ಪಠ್ಯ. ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದುವ ಮಕ್ಕಳಿಗಾಗಿ ಕನ್ನಡದಲ್ಲಿ ಬರೆದದ್ದು. ಹುಬ್ಬಳ್ಳಿಯ ಒಂದು ಸಣ್ಣ ಮುದ್ರಣಾಲಯದಲ್ಲಿ ನನ್ನ ಜನನವಾಯಿತು. ನನ್ನನ್ನು ಬರೆದವರು ನಿವೃತ್ತ ಮಾಸ್ತರರು. ಲೆಕ್ಕವೆಂದರೆ ಬೆವರುವ ಮಕ್ಕಳ ಹೆದರಿಕೆ ಬಿಡಿಸಬೇಕೆಂದು ಪಣ ತೊಟ್ಟವರು. ಒಂದು ಹೆಚ್ಚಿದರೆ ಅದರ ಜೊತೆ ಇನ್ನೊಂದೂ ಹೆಚ್ಚುತ್ತದೆಯೇ ಎಂದು ನೋಡುವ ಲೆಕ್ಕಕ್ಕೆ ಸಹಸಂಬಂಧ ಎನ್ನುತ್ತಾರೆ. ಎಲ್ಲರೂ ಎಡವುವ ಆ ಅಧ್ಯಾಯವನ್ನು ಅವರು ಹತ್ತು ಜನ ಪೈಲ್ವಾನರ ಎತ್ತರ, ತೂಕ ಹಿಡಿದು ವಿವರಿಸಿದ್ದರು. ಬೇರೆ ಯಾವ ಪುಸ್ತಕದಲ್ಲೂ ಪೈಲ್ವಾನರಿಲ್ಲ. ಅದು ನನ್ನ ಹೆಮ್ಮೆ.

ಸುತಳಿ ಕಟ್ಟಿಸಿಕೊಂಡು ನಾನು ಬಂದಿಳಿದದ್ದು ಬಾಗಲಕೋಟೆ ಕಡೆಯ ಒಂದು ಊರಿನ ಕಾಲೇಜು ಗ್ರಂಥಾಲಯಕ್ಕೆ. ಗ್ರಂಥಪಾಲಕರಾದ ಹಂಚಿನಾಳ ಸರ್ ನನ್ನ ಮೈಮೇಲೆ ಮೂರು ಕಡೆ ಠಸ್ಸೆ ಒತ್ತಿ, ಬೆನ್ನಿಗೆ ಸಂಖ್ಯೆ ಅಂಟಿಸಿ, ಬಾಗಿಲ ಬಳಿಯ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದರು. ಅದರ ಮೇಲೆ ‘ಹೊಸ ಪುಸ್ತಕಗಳು’ ಎಂದು ಬರೆದಿತ್ತು. ಹದಿನೈದು ದಿನ ಯಾರಿಗೂ ಕೊಡುವಂತಿಲ್ಲ, ಬರೀ ನೋಡಬೇಕು. ನನ್ನ ಅಕ್ಕಪಕ್ಕ ದಪ್ಪ ರಟ್ಟಿನ ಇಂಗ್ಲಿಷ್ ಪುಸ್ತಕಗಳು ಬಿಗಿದುಕೊಂಡು ನಿಂತಿದ್ದವು. ನನ್ನ ಕಡೆ ಅವು ತಿರುಗಿಯೂ ನೋಡಲಿಲ್ಲ. ಆದರೆ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದದ್ದು ನನ್ನನ್ನೇ. ಇಡೀ ಗ್ರಂಥಾಲಯದಲ್ಲಿ ಆ ವಿಷಯಕ್ಕೆ ಕನ್ನಡದಲ್ಲಿದ್ದದ್ದು ನಾನೊಬ್ಬನೇ.

ಹದಿನಾರನೆಯ ದಿನ ಬೆಳಿಗ್ಗೆ ನನ್ನನ್ನು ಎತ್ತಿಕೊಂಡವಳು ಹಸೀನಾ ನದಾಫ. ಅವಳ ತಂದೆ ಗಾದಿ ಹೊಲಿಯುವವರು. ಮನೆಯ ತುಂಬ ಹತ್ತಿ. ಅವಳು ನನಗೆ ಹಳೆಯ ಪತ್ರಿಕೆಯ ಅಂಗಿ ತೊಡಿಸಿ, ಅರ್ಧ ಹೊಲಿದ ಗಾದಿಯ ಮೇಲೆ ಇಟ್ಟುಕೊಂಡು ಓದಿದಳು. ಪುಟ ತಿರುವುವಾಗ ಬೆರಳಿಗೆ ಎಂಜಲು ಹಚ್ಚುತ್ತಿರಲಿಲ್ಲ. ಪೈಲ್ವಾನರನ್ನು ಕಂಡು ಒಬ್ಬಳೇ ನಕ್ಕಳು. ಅವತ್ತಿನಿಂದ ಅವಳು ನನಗೆ ಬೇಕಾದವಳಾದಳು.

ಅವಳ ಜೀವದ ಗೆಳತಿ ಶಕುಂತಲಾ ಬಡಿಗೇರ. ಒಂದೇ ಬೆಂಚು, ಒಂದೇ ಬುತ್ತಿ. ಹಸೀನಾ ನನ್ನನ್ನು ಮರಳಿಸುವ ದಿನ ಶಕುಂತಲಾ ಕಾರ್ಡ್ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದಳು. ಒಂದು ವಾರ ಅವಳದು, ಒಂದು ವಾರ ಇವಳದು. ಹಂಚಿನಾಳ ಸರ್ ನೋಡಿಯೂ ನೋಡದವರಂತೆ ದಿನಾಂಕ ಒತ್ತುತ್ತಿದ್ದರು.

ಆದರೂ ಮೊದಲ ಸಲ ಇಬ್ಬರೂ ಸಂಖ್ಯಾಶಾಸ್ತ್ರದ ಆ ಒಂದು ಪತ್ರಿಕೆಯಲ್ಲಿ ಫೇಲಾದರು. ಕಲಿಸುವವರು ಅರ್ಧ ವರ್ಷ ರಜೆಯಲ್ಲಿದ್ದರು, ಫೇಲಾದವರೇ ಹೆಚ್ಚು. ಮತ್ತೆ ಬರೆದರಾಯಿತು ಎನ್ನುವಷ್ಟರಲ್ಲಿ ಸೂಚನಾ ಫಲಕಕ್ಕೆ ಒಂದು ಕಾಗದ ಬಿತ್ತು. ಮುಂದಿನ ವರ್ಷದಿಂದ ಹೊಸ ಪಠ್ಯಕ್ರಮ, ಹಳೆಯ ಪಠ್ಯಕ್ರಮದವರಿಗೆ ಇದೇ ಕೊನೆಯ ಪರೀಕ್ಷೆ. ಈ ಸಲ ತಪ್ಪಿದರೆ ಎಲ್ಲ ಪತ್ರಿಕೆಗಳನ್ನೂ ಹೊಸದಾಗಿ ಬರೆಯಬೇಕು. ಅಂದರೆ ಡಿಗ್ರಿಯ ಆಸೆ ಬಿಟ್ಟಂತೆಯೇ. ಬಿ.ಎಡ್. ಮಾಡಿ ಮಾಸ್ತರಿಕೆ ಹಿಡಿಯಬೇಕೆಂದು ಇಬ್ಬರೂ ಒಟ್ಟಿಗೇ ಕನಸು ಕಟ್ಟಿದ್ದರು.

ಪರೀಕ್ಷೆಗೆ ಹದಿನೈದು ದಿನವಿದ್ದಾಗ ಹಂಚಿನಾಳ ಸರ್ ವಾಡಿಕೆಯಂತೆ ಪುಸ್ತಕ ಹೊರಗೆ ಕೊಡುವುದನ್ನು ನಿಲ್ಲಿಸಿದರು. “ಯಾರಿಗೂ ಒಯ್ಯಾಕ ಕೊಡಾಂಗಿಲ್ಲ. ಇಲ್ಲೇ ಕುಂತು ಓದ್ರಿ,” ಎಂದರು. ಆಗ ಶುರುವಾಗುವುದು ಮಕ್ಕಳ ಕಳ್ಳಾಟ. ತನಗೆ ಬೇಕಾದ ಪುಸ್ತಕವನ್ನು ಸಂಜೆ ಬೇರೆ ಯಾವುದೋ ಕಪಾಟಿನಲ್ಲಿ ತುರುಕಿ ಹೋಗುವುದು, ಬೆಳಿಗ್ಗೆ ಬಂದು ತಾನೇ ತೆಗೆಯುವುದು. ಪ್ರತಿ ವರ್ಷ ಅಡುಗೆ ಶಾಸ್ತ್ರದ ಹಿಂದೆ ರಾಜ್ಯಶಾಸ್ತ್ರ, ಶಬ್ದಕೋಶದ ಹಿಂದೆ ಇತಿಹಾಸ ಸಿಗುತ್ತಿತ್ತು. ಸರ್ ಬೈದುಕೊಳ್ಳುತ್ತ ಹುಡುಕಿ ಜೋಡಿಸುತ್ತಿದ್ದರು.

ಮೊದಲ ದಿನ ಸಂಜೆಯೇ ಶಕುಂತಲಾ ನನ್ನನ್ನು ಸೆರಗಿನ ಮರೆಯಲ್ಲಿ ಒಯ್ದು, ಮೂಲೆಯ ಕಪಾಟಿನ ತಳದಲ್ಲಿ, ಹಳೆಯ ಸರ್ಕಾರಿ ಗೆಜೆಟ್ ಕಟ್ಟುಗಳ ಹಿಂದೆ ಮಲಗಿಸಿದಳು. ಆಣೆ ಮಾಡಿ ಹೇಳುತ್ತೇನೆ, ಹಸೀನಾಳಿಂದ ಬಚ್ಚಿಡಬೇಕೆಂದು ಅಲ್ಲ. ಫೇಲಾದ ಉಳಿದವರ ಕೈಗೆ ಸಿಗದಿರಲಿ, ನಮ್ಮಿಬ್ಬರಿಗೆ ಉಳಿಯಲಿ ಎಂದು. ಊರಲ್ಲಿ ಮದುವೆಗಳ ಕಾಲವಾದ್ದರಿಂದ ಹಸೀನಾಳ ಮನೆಯಲ್ಲಿ ಗಾದಿಯ ಕೆಲಸ ಮೈತುಂಬ. ಅವಳು ಬಂದದ್ದು ಐದನೆಯ ದಿನ. ಅಷ್ಟರಲ್ಲಿ ಶಕುಂತಲಾ ನಾಲ್ಕು ದಿನ ನನ್ನನ್ನು ಒಬ್ಬಳೇ ಓದಿದ್ದಳು. ಅವಳಿಗೆ ಸಹಸಂಬಂಧದ ಅಧ್ಯಾಯ ಇನ್ನೂ ಬಾಕಿ ಇತ್ತು.

ಹಸೀನಾ ಕಪಾಟೆಲ್ಲ ತಡಕಿ, ಗೆಜೆಟ್ ಮೂಲೆಯ ಹತ್ತಿರವೇ ನಿಂತು ಕೇಳಿದಳು. “ಲೇ ಶಕ್ಕು, ಆ ಬುಕ್ ಎಲ್ಲಿ ಐತಿ ನೋಡಿಯೇನ?”

ಶಕುಂತಲಾ ಹೇಳಿದಳು. “ನನ್ನ ಕಣ್ಣಿಗೂ ಬಿದ್ದಿಲ್ಲವಾ. ಯಾರರ ಒಯ್ದಿರಬೇಕು.”

ನಾನು ಅವರ ಕಾಲ ಬಳಿಯೇ ಇದ್ದೆ. ಕೂಗಲು ಬಾಯಿ ಇಲ್ಲ. ಮುನ್ನೂರು ಪುಟ ಮಾತು ಹೊಟ್ಟೆಯಲ್ಲಿಟ್ಟುಕೊಂಡು ಒಂದು ಅಕ್ಷರ ಆಡಲಾಗದೆ ಬಿದ್ದುಕೊಂಡಿದ್ದೆ. ಅಂಥ ಸಂಕಟ ಯಾವ ಪುಸ್ತಕಕ್ಕೂ ಬೇಡ.

ಒಂದು ಸುಳ್ಳು ಹೇಳಿದ ಮೇಲೆ ನಿಜ ಹೇಳುವುದು ದಿನದಿನಕ್ಕೂ ಕಷ್ಟವಾಗುತ್ತದೆ. ಹಸೀನಾ ದೂರದ ಮೇಜಿನಲ್ಲಿ ಇಂಗ್ಲಿಷ್ ಪುಸ್ತಕವೊಂದನ್ನೂ ಶಬ್ದಕೋಶವನ್ನೂ ಇಟ್ಟುಕೊಂಡು ಒದ್ದಾಡುತ್ತಿದ್ದಳು. ಅವಳು ಊಟಕ್ಕೆ ಎದ್ದುಹೋದಾಗ ಶಕುಂತಲಾ ನನ್ನನ್ನು ತೆಗೆದು, ಕಪಾಟಿನ ಸಂದಿಯಲ್ಲೇ ಕೂತು ಓದುತ್ತಿದ್ದಳು, ಪೆನ್ಸಿಲಿನಲ್ಲಿ ಅಂಚಿನಲ್ಲೇ ಲೆಕ್ಕ ಬಿಡಿಸುತ್ತಿದ್ದಳು. ನಾಳೆ ಹೇಳಿದರಾಯಿತು ಎಂದು ಅವಳು ಬಾಯಲ್ಲೇ ಅಂದುಕೊಳ್ಳುವುದು ನನಗೆ ಕೇಳಿಸುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಅವಳು ನನ್ನನ್ನು ಹಸೀನಾ ಬಂದರೆ ಕಾಣುವಂತೆ ತನ್ನ ಮುಂದೆ ಮೇಜಿನ ಮೇಲೆ ಇಟ್ಟು, ಬಾಗಿಲು ನೋಡುತ್ತ ಕೂತಳು. ಒಂದು ಸಲವೂ ನನ್ನನ್ನು ತೆರೆಯಲಿಲ್ಲ. ಆದರೆ ಹಸೀನಾ ಅವತ್ತು ಬರಲಿಲ್ಲ, ಇಂಗ್ಲಿಷಿನ ಸಹವಾಸ ಸಾಕಾಗಿ ಮನೆಯಲ್ಲೇ ಉಳಿದಿದ್ದಳು. ಸಂಜೆ ಗಂಟೆ ಬಾರಿಸಿತು. ಹತ್ತು ದಿನದಿಂದ ನನ್ನನ್ನು ಹುಡುಕುತ್ತಿದ್ದ ಹಂಚಿನಾಳ ಸರ್ ಎದ್ದು ಬರುವುದು ಕಂಡಿತು. ಶಕುಂತಲಾ ಗಾಬರಿಯಾಗಿ ನನ್ನನ್ನು ಮತ್ತೆ ಗೆಜೆಟ್ ಹಿಂದೆ ತಳ್ಳಿ ಹೋದಳು. ಆಮೇಲೆ ಅವಳು ಗ್ರಂಥಾಲಯದ ಮೆಟ್ಟಿಲು ಹತ್ತಲಿಲ್ಲ.

ಎರಡು ತಿಂಗಳ ನಂತರ ಕಾರ್ಡುಗಳನ್ನು ಹಿಂದಿರುಗಿಸಲು ಹಸೀನಾ ಬಂದಾಗ ಸರ್ ಕೇಳಿದರು. “ಎಷ್ಟ ಬಂದುವು ಬೇ?”

“ಮೂವತ್ತೊಂದ್ರಿ ಸರ್. ಸಹಸಂಬಂಧದ ಲೆಕ್ಕ ಬಿಟ್ಟಬಂದೆ.”

ಪಾಸಾಗಲು ಮೂವತ್ತೈದು ಬೇಕು. ಸರ್ ಬಹಳ ಹೊತ್ತು ಕನ್ನಡಕ ಒರೆಸಿದರು. ಶಕುಂತಲಾ ಪಾಸಾಗಿದ್ದಳು. ನನ್ನ ಮೂರನೆಯ ಅಧ್ಯಾಯ ಸರಾಸರಿಯ ಬಗ್ಗೆ ಇದೆ. ಇಬ್ಬರ ಅಂಕ ಕೂಡಿಸಿ ಭಾಗಿಸಿದ್ದರೆ ಇಬ್ಬರೂ ಪಾಸು. ಸರಾಸರಿಯಲ್ಲಿ ಒಬ್ಬರ ದುಃಖ ಕಾಣುವುದಿಲ್ಲ.

ಹಾಗೆ ಹನ್ನೊಂದು ವರ್ಷ ಕಳೆದವು. ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ‘ಕಾಣೆಯಾಗಿದೆ’ ಎಂದು ಬರೆದರು. ಬೆಳ್ಳಿಹುಳ ನನ್ನ ಬೆನ್ನಿನ ಅಂಟು ತಿಂದಿತು. ಐದನೆಯ ವರ್ಷ ಗ್ರಂಥಾಲಯಕ್ಕೆ ಒಬ್ಬ ಸಹಾಯಕಿ ಬೇಕಾದಾಗ, ನಿವೃತ್ತಿಗೆ ಮುಂಚೆ ಹಂಚಿನಾಳ ಸರ್ ಹಸೀನಾಳ ಹೆಸರು ಹೇಳಿದರು. ಕಸ ಗುಡಿಸುವುದು, ಧೂಳು ಹೊಡೆಯುವುದು, ಪುಸ್ತಕ ಜೋಡಿಸುವುದು ಅವಳ ಕೆಲಸ. ಆರು ವರ್ಷ ಅವಳ ಪೊರಕೆಯ ಸದ್ದನ್ನು ನಾನು ದಿನವೂ ಕೇಳಿದೆ. ಗೆಜೆಟ್ ಕಟ್ಟನ್ನು ಅವಳೂ ಮುಟ್ಟಲಿಲ್ಲ, ಯಾರೂ ಮುಟ್ಟಲಿಲ್ಲ.

ಕೊನೆಗೆ ಗಣಕಯಂತ್ರ ಇಡಲು ಜಾಗ ಬೇಕೆಂದು ಆ ಕಪಾಟು ತೆಗೆಸಿದರು. ಕಟ್ಟು ಎತ್ತಿದವಳು ಹಸೀನಾಳೇ. ಸೆರಗಿನಿಂದ ನನ್ನ ಮುಖ ಒರೆಸಿದಳು, ಗುರುತು ಹಿಡಿದಳು. ಪುಟ ತಿರುವುತ್ತ ಪೈಲ್ವಾನರ ಬಳಿ ಬಂದಾಗ ಅಂಚಿನ ಪೆನ್ಸಿಲ್ ಬರಹ ಕಂಡಿತು. ಒಂದೇ ಬೆಂಚಿನಲ್ಲಿ ಮೂರು ವರ್ಷ ಕೂತವಳಿಗೆ ಆ ಅಕ್ಷರ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ಅದನ್ನ ಅಲ್ಲಿ ಯಾರು ಇಟ್ಟಿದ್ರು?” ಹೊಸ ಗ್ರಂಥಪಾಲಕಿ ಮೇಡಂ ಕೇಳಿದರು.

“ಇಲಿ ಎಳಕೊಂಡು ಹೋಗಿರಬೇಕ್ರಿ ಮೇಡಂ.”

ಇಷ್ಟು ದಪ್ಪ ಪುಸ್ತಕ ಎಳೆಯುವ ಇಲಿಯೇ ಎಂದು ಮೇಡಂ ನಕ್ಕರು. ಆ ಪಠ್ಯಕ್ರಮವೇ ಹೋಗಿದ್ದರಿಂದ ನನ್ನನ್ನು ರದ್ದು ಮಾಡಿದರು. ಹಸೀನಾ ಕೇಳಿಕೊಂಡು ನನ್ನನ್ನು ಮನೆಗೆ ತಂದಳು, ಗೋಡೆಯ ಗೂಡಿನಲ್ಲಿಟ್ಟಳು. ಪೆಟ್ಟಿಗೆಯಲ್ಲಿ ಹಾಕಬಹುದಿತ್ತು. ಯಾಕೆ ಹಾಕಲಿಲ್ಲವೋ, ಅವಳಿಗೇ ಗೊತ್ತಿತ್ತೋ ಇಲ್ಲವೋ.

ಗೆಳೆತನ ಮಾತ್ರ ಅಷ್ಟು ವರ್ಷವೂ ಕಡಿದಿರಲಿಲ್ಲ. ಶಕುಂತಲಾ ಅದೇ ಊರಿನ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದಳು. ನಾಗರ ಪಂಚಮಿಗೆ ಹಸೀನಾಳಿಗೆ ಅವಳ ಮನೆಯ ಉಂಡಿ, ರಂಜಾನಿಗೆ ಅವಳಿಗೆ ಹಸೀನಾಳ ಮನೆಯ ಸುರಕುಂಬಾ, ಹಾಲು ಶಾವಿಗೆಯ ಪಾಯಸ. ನಾನು ಸಿಕ್ಕ ವರ್ಷದ ರಂಜಾನಿಗೂ ಶಕುಂತಲಾ ಬಂದಳು. ಬಟ್ಟಲು ಕೈಗೆ ತೆಗೆದುಕೊಂಡು ಗೂಡಿನ ಕಡೆ ನೋಡಿದಳು. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

“ಎಲ್ಲಿ ಸಿಕ್ತು?”

“ಗೆಜೆಟ್ ಹಿಂದ.”

“ನಿನಗ ಹೇಳಬೇಕಂತ ದಿನಾ ಅಂದ್ಕೊಂತಿದ್ದೆ ಹಸೀನಾ.”

“ಇರಲಿ. ಕುಡಿ, ಆರಿ ಹೋಗ್ತೈತಿ.”

“ಒಂದ ಸಲ ಬೈದುಬಿಡ. ನಿನ್ನ ಕಾಲ ಹಿಡೀತೀನಿ.”

“ಬೈಯೋದೇನೈತಿ? ಆತು, ಹೋತು.”

ಬೈದಿದ್ದರೆ ಶಕುಂತಲಾ ಅತ್ತು, ಮೂಗು ಒರೆಸಿಕೊಂಡು, ಇನ್ನೊಂದು ಬಟ್ಟಲು ಕೇಳುತ್ತಿದ್ದಳೋ ಏನೋ. ಹಸೀನಾಳಿಗೆ ಬೈಯಲು ಬರಲಿಲ್ಲ. ಅವಳು ಇನ್ನಷ್ಟು ಶಾವಿಗೆ ಬಡಿಸಿದಳು. ಶಕುಂತಲಾ ಅರ್ಧ ಬಟ್ಟಲು ಹಾಗೇ ಬಿಟ್ಟು, ಶಾಲೆಯ ಕೆಲಸವಿದೆ ಎಂದು ಎದ್ದಳು. ಅವತ್ತು ಶಾಲೆಗೆ ರಜೆ.

ಪಂಚಮಿಗೆ ಉಂಡಿ ಬರಲಿಲ್ಲ. ಮುಂದಿನ ರಂಜಾನಿಗೆ ಹಸೀನಾ ಒಂದು ಬಟ್ಟಲು ತೆಗೆದಿಟ್ಟು ಸಂಜೆಯ ತನಕ ಬಾಗಿಲಲ್ಲೇ ಕೂತಳು. ಯಾರೂ ಬರಲಿಲ್ಲ. ಆಮೇಲೆ ಗೂಡಿನಿಂದ ನನ್ನನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡು, ಮನುಷ್ಯರಿಗೆ ಹೇಳುವಂತೆ ಹೇಳಿದಳು. “ನಿನ್ನ ಅಲ್ಲೇ ಬಿಟ್ಟಬರಬೇಕಿತ್ತು ನಾ.”

ಈಗ ನಾನು ಮುದುಕ. ಹೊಲಿಗೆ ಬಿಟ್ಟಿದೆ, ಮುಟ್ಟಿದರೆ ಪುಟ ಉದುರುತ್ತವೆ. ಓದುವವರ ಕೈಗೆ ಸಿಗುವುದೇ ಪುಸ್ತಕದ ಪುಣ್ಯ ಎಂದು ಗಾಜಿನ ಕಪಾಟಿನಲ್ಲಿ ನಿಂತಿದ್ದಾಗ ನಂಬಿದ್ದೆ. ಹಸೀನಾಳ ಮಾತಿಗೆ ನನಗೆ ನೋವಾಯಿತು, ಸಿಟ್ಟು ಬರಲಿಲ್ಲ. ನಾನು ಕಾಣೆಯಾಗಿದ್ದಷ್ಟು ದಿನ ಅವಳಿಗೆ ಒಬ್ಬ ಗೆಳತಿ ಇದ್ದಳು.