ಲ್ಯಾಬಿನ ಆಯುಧಪೂಜೆ

ಈಥರ್ ಎಂಬ ದ್ರವದ ಬಗ್ಗೆ ಕಡಬದ ಆಸುಪಾಸಿನಲ್ಲಿ ಹರಿಪ್ರಸಾದನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಇದು ಹೊಗಳಿಕೆ ಅಂದುಕೊಳ್ಳಬೇಡಿ, ಅವನ ಮೇಲಿರುವ ಆರೋಪ. ಬೇರೆ ಯಾರೂ ಹೊರಿಸಲಿಲ್ಲವೆಂದು ಅವನೇ ತನ್ನ ಮೇಲೆ ಹೊರಿಸಿಕೊಂಡದ್ದು.

ಊರಿನ ಖಾಸಗಿ ಕಾಲೇಜಿನಲ್ಲಿ ಅವನು ರಸಾಯನಶಾಸ್ತ್ರ ಕಲಿಸಲು ಶುರುಮಾಡಿ ಹತ್ತೊಂಬತ್ತು ವರ್ಷ. ಹೊಸ ಮಕ್ಕಳು ಲ್ಯಾಬಿಗೆ ಬಂದ ಮೊದಲ ವಾರ ಅವನದೊಂದು ಪಾಠ ಇರುತ್ತಿತ್ತು. ಮಾಡಿನ ನೀರು ಇಳಿಯುವ ತಗಡಿನ ದಂಬೆಯೊಂದನ್ನು ಮೇಜಿನ ಮೇಲೆ ಓರೆಯಾಗಿ ಇಡಿಸುವುದು. ಕೆಳತುದಿಯಲ್ಲಿ ಉರಿಯುವ ಮೇಣದಬತ್ತಿ, ಮೇಲಿನ ತುದಿಯಲ್ಲಿ ಈಥರಿನಲ್ಲಿ ಅದ್ದಿದ ಒಂದು ಚೂರು ಹತ್ತಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಹಿಂದಿನ ಸಾಲಿನವರು ಕಿಸಕ್ಕೆಂದು ನಗುತ್ತಾರೆ. ಅಷ್ಟರಲ್ಲಿ ಕೆಳಗಿನ ಬೆಂಕಿ ದಂಬೆಯುದ್ದಕ್ಕೂ ಮೇಲಕ್ಕೆ ಓಡಿ ಹತ್ತಿಯನ್ನು ಹಿಡಿದುಬಿಡುತ್ತದೆ.

"ಕಂಡಿತಾ? ಇದರ ಆವಿ ಗಾಳಿಗಿಂತ ಎರಡೂವರೆ ಪಾಲು ಭಾರ. ಮೇಲೆ ಹೋಗುದಿಲ್ಲ. ನೆಲ ಹಿಡ್ಕೊಂಡು ಹರೀತದೆ. ಎಲ್ಲಿ ಬೆಂಕಿ ಉಂಟೋ ಅಲ್ಲಿಗೆ ಹೋಗಿ ಬೆಂಕಿಯನ್ನು ಕರ್ಕೊಂಡೇ ವಾಪಸು ಬರ್ತದೆ. ಈಥರ್ ತೆರೆದ ಕೋಣೆಯಲ್ಲಿ ಕಡ್ಡಿ ಗೀರಬಾರದು, ಸ್ವಿಚ್ಚು ಮುಟ್ಟಬಾರದು, ಕಿಟಕಿ ಹಾಕಬಾರದು. ವಾಸನೆ ಬಂತೋ, ಯಾರೇ ಇರ್ಲಿ, ಬಾಯಿ ಬಿಟ್ಟು ಹೇಳ್ಬೇಕು."

ಹೀಗೆ ಪ್ರತಿವರ್ಷ ಹೇಳಿದ. ಎಲ್ಲ ಪುಸ್ತಕದ ಬದನೆಕಾಯಿ.

ಆ ದಂಬೆಯನ್ನು ಓರೆ ಹಿಡಿದು ನಿಲ್ಲುತ್ತಿದ್ದವಳು ಪಂಕಜಾಕ್ಷಿ, ಲ್ಯಾಬಿನ ಅಟೆಂಡರ್. ಐವತ್ತೆರಡು ವಯಸ್ಸು, ಹರಿಪ್ರಸಾದನಿಗಿಂತ ಐದು ವರ್ಷ ದೊಡ್ಡವಳು. ಅವನು ಪಂಕಜಕ್ಕ ಎನ್ನುತ್ತಿದ್ದ, ಅವಳು ಸರ್ ಎನ್ನುತ್ತಿದ್ದಳು. ಗುಂಡ್ಯದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಗಂಡ ತೀರ್ಥರಾಮನದ್ದು ಅಲ್ಲಿ ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ. ಅವಳು ಓದಿದ್ದು ಎಂಟನೆಯ ಕ್ಲಾಸು. ಆದರೆ ಯಾವ ಬಾಟಲಿ ಎಲ್ಲಿ, ಯಾವುದರ ಪಕ್ಕ ಯಾವುದನ್ನು ಇಡಬಾರದು ಎಂಬುದೆಲ್ಲ ಬಾಯಿಪಾಠ. ಹೊಸದಾಗಿ ಬಂದ ಎಂಎಸ್ಸಿ ಲೆಕ್ಚರರುಗಳನ್ನೇ ಗದರಿಸುತ್ತಿದ್ದಳು. ಹರಿಪ್ರಸಾದ್ ಒಬ್ಬನ ಮಾತು ಮಾತ್ರ ಅವಳಿಗೆ ವೇದವಾಕ್ಯ.

ನವರಾತ್ರಿ ಬಂದರೆ ನಮ್ಮ ಕಡೆ ಬೈಕಿನಿಂದ ಹಿಡಿದು ಗರಗಸದವರೆಗೆ ಎಲ್ಲದಕ್ಕೂ ಪೂಜೆ. ಕಾಲೇಜಿನ ಲ್ಯಾಬು ಬಿಟ್ಟೀತೇ? ತಕ್ಕಡಿ, ಬರ್ನರು, ಬ್ಯುರೆಟ್ಟಿನ ಸ್ಟ್ಯಾಂಡು ಎಲ್ಲ ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚಿ ಹೂವು ಮುಡಿಸುವುದು. ಅದಕ್ಕೆ ಮೊದಲು ಕಳೆದ ವರ್ಷದ ಗಂಧದ ಕಲೆ, ಹಳೆ ಲೇಬಲುಗಳ ಅಂಟು ಹೋಗಬೇಕು. ನೀರಿನಲ್ಲಿ ಉಜ್ಜಿ ಉಜ್ಜಿ ಕೈ ಸೋತವಳಿಗೆ ಈಥರಿನಲ್ಲಿ ಹತ್ತಿ ಅದ್ದಿ ಒರೆಸಲು ತೋರಿಸಿಕೊಟ್ಟವನು ಹರಿಪ್ರಸಾದನೇ. "ಹಿಂದಿನ ದಿವಸವೇ ಮಾಡಿ ಮುಗಿಸಿ ಪಂಕಜಕ್ಕ, ಕಿಟಕಿ ಎಲ್ಲ ತೆರೆದಿಡಿ" ಎಂದಿದ್ದ. ಅವಳು ಹಾಗೆಯೇ ಮಾಡುತ್ತ ಬಂದಳು.

ಕಳೆದ ನವರಾತ್ರಿಯಲ್ಲಿ ಹಿಂದಿನ ದಿವಸ ಪ್ರಾಕ್ಟಿಕಲ್ ಪರೀಕ್ಷೆ ಬಿತ್ತು. ಸಂಜೆ ಐದಕ್ಕೆ ಕೊನೆಯ ತಂಡ ಹೊರಬಿತ್ತು, ಅವಳ ಬಸ್ಸು ಐದೂಕಾಲಿಗೆ. "ನಾಳೆ ಬೆಳಿಗ್ಗೆ ಬೇಗ ಬಂದು ಒರೆಸ್ತೇನೆ ಸರ್, ಆದೀತಾ?" ಎಂದು ಕೇಳಿದಳು. "ಆದೀತು" ಎಂದ ಹರಿಪ್ರಸಾದ್. ಉತ್ತರಪತ್ರಿಕೆಗಳ ಕಟ್ಟು ಕಟ್ಟುತ್ತಿದ್ದ, ತಲೆ ಎತ್ತಲೂ ಇಲ್ಲ.

ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಅವಳು ಒರೆಸಿದಳು. ಒದ್ದೆ ಹತ್ತಿಯನ್ನೆಲ್ಲ ಮೇಜಿನ ಅಡಿಯ ಬಾಲ್ದಿಗೆ ಹಾಕಿದಳು. ಬಾಟಲಿಯನ್ನೂ ಅಲ್ಲೇ ಪಕ್ಕಕ್ಕೆ ಸರಿಸಿದಳು, ಬಿರಡೆ ಸುಮ್ಮನೆ ಬಾಯಿಗೆ ಇಟ್ಟದ್ದಷ್ಟೆ. ಹತ್ತೂವರೆಗೆ ಕಾಲೇಜು ನಡೆಸುವ ಸಂಚಾಲಕರು ಬಂದರು, ಹಿಂದಿನಿಂದ ಪ್ರಾಂಶುಪಾಲರು. ನೆಲದ ಮೇಲೆ ರಂಗೋಲಿ, ಬಾಳೆ ಎಲೆ, ಅದರ ಮೇಲೆ ಕಾಲುದೀಪ. ಗಾಳಿಗೆ ದೀಪ ನಿಲ್ಲಲಿಕ್ಕಿಲ್ಲ ಎಂದು ಯಾರೋ ಕಿಟಕಿ ಹಾಕಿದರು, ಇನ್ನಾರೋ ಫ್ಯಾನು ನಿಲ್ಲಿಸಿದರು. ಬೆಂಕಿ ನಂದಿಸುವ ಕೆಂಪು ಸಿಲಿಂಡರನ್ನೂ ಗೋಡೆಯಿಂದ ಇಳಿಸಿ, ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿ ದೀಪದ ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ಅದೂ ಒಂದು ಆಯುಧವೇ ತಾನೇ.

"ಈ ಸಲ ದೀಪ ಪಂಕಜಾಕ್ಷಿ ಹಚ್ಚಲಿ. ನಮಗಿಂತ ಹಳಬಳು" ಎಂದರು ಸಂಚಾಲಕರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ನಾಚಿ, ಬೇಡ ಬೇಡ ಎನ್ನುತ್ತಲೇ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದು ಕೂತಳು.

ಆಗ ಹರಿಪ್ರಸಾದನ ಮೂಗಿಗೆ ವಾಸನೆ ಬಡಿಯಿತು. ಸಿಹಿಸಿಹಿಯಾದ, ತಲೆಗೆ ಏರುವ ವಾಸನೆ. ಊದುಬತ್ತಿ ಇನ್ನೂ ಹಚ್ಚಿರಲಿಲ್ಲ, ಗೊಂದಲಕ್ಕೆ ಎಡೆಯೇ ಇರಲಿಲ್ಲ. ಎಷ್ಟು ಆವಿ, ಎಲ್ಲಿಂದ, ನೆಲದ ಮೇಲೆ ಎಷ್ಟು ಎತ್ತರಕ್ಕೆ ನಿಂತಿದ್ದೀತು, ಎಲ್ಲ ಅವನಿಗೆ ಒಂದೇ ಕ್ಷಣದಲ್ಲಿ ಗೊತ್ತಾಯಿತು.

ಒಂದು ಮಾತು ಸಾಕಿತ್ತು. ಏಕೆ ಆಡಲಿಲ್ಲ? ಆಮೇಲೆ ತಿಂಗಳುಗಟ್ಟಲೆ ಅವನು ಇದನ್ನೇ ಕೇಳಿಕೊಂಡ. ಹಿಂದೊಮ್ಮೆ, ಎಂಟು ವರ್ಷದ ಕೆಳಗೆ, ಗ್ಯಾಸ್ ಸೋರುತ್ತಿದೆ ಎಂದು ಕೂಗಿ ವಾರ್ಷಿಕೋತ್ಸವದ ಸಭೆಯನ್ನೇ ಎಬ್ಬಿಸಿದ್ದ. ಅದು ಹಿಂದಿನ ಚರಂಡಿಯ ನಾತವಾಗಿತ್ತು. ಅಂದಿನಿಂದ ಸಂಚಾಲಕರು ಅವನನ್ನು ಕಂಡಾಗಲೆಲ್ಲ "ಎಂತ ಮಾರಾಯ್ರೆ, ಇವತ್ತು ಎಲ್ಲಿ ಸೋರ್ತದೆ?" ಎಂದು ಕೇಳುವುದು, ಉಳಿದವರು ನಗುವುದು. ಅದು ಒಂದು. ಮತ್ತೆ, ನಮ್ಮಲ್ಲಿ ದೀಪ ಆರಿಸು ಎನ್ನುವುದಕ್ಕೂ ಬಾಯಿ ಬರುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಹಚ್ಚುವ ದೀಪಕ್ಕೆ ಬೇಡ ಎನ್ನುವವನು ಎಂಥ ಅಪಶಕುನದ ಮನುಷ್ಯ! ಅದಕ್ಕಿಂತ ಹೆಚ್ಚಾಗಿ ಪಂಕಜಾಕ್ಷಿಯ ಆ ಸಂಭ್ರಮ. ಹತ್ತೊಂಬತ್ತು ವರ್ಷಗಳಲ್ಲಿ ಅವಳಿಗೆ ಯಾರೂ ಚಪ್ಪಾಳೆ ತಟ್ಟಿದ್ದನ್ನು ಅವನು ನೋಡಿರಲಿಲ್ಲ. ಎರಡು ನಿಮಿಷದ ಕೆಲಸ, ಏನಾದೀತು, ಆಮೇಲೆ ಕಿಟಕಿ ತೆರೆದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಈಥರಿನ ವಿಷಯದಲ್ಲಿ 'ಏನಾದೀತು' ಎಂದು ಒಬ್ಬ ವಿದ್ಯಾರ್ಥಿ ಹೇಳಿದ್ದರೆ ಲ್ಯಾಬಿನಿಂದ ಹೊರಗೆ ಹಾಕುತ್ತಿದ್ದ. ಕೈಮುಗಿದು ನಿಂತ.

ಅವಳು ಕಡ್ಡಿ ಗೀರಿದಳು.

ದೊಡ್ಡ ಸದ್ದೇನೂ ಆಗಲಿಲ್ಲ. ನೆಲದ ಮೇಲೆ ನೀಲಿಯದೊಂದು ಹಾಳೆ ಬಿಚ್ಚಿದಂತಾಗಿ ಮೇಜಿನ ಅಡಿಗೆ ಹೋಯಿತು, ಬಾಲ್ದಿ ಹೊತ್ತಿತು, ಬಾಟಲಿ ಒಡೆಯಿತು. ಪಂಕಜಾಕ್ಷಿ ಅದರ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಅವಳ ಸೀರೆ ನೈಲಾನಿನದ್ದು. ಸಿಲಿಂಡರು ಮಾಲೆ ಹಾಕಿಕೊಂಡು ಬೆಂಕಿಯ ಆಚೆ ನಿಂತಿತ್ತು, ಅಲ್ಲಿಗೆ ಯಾರಿಗೂ ಹೋಗಲಾಗಲಿಲ್ಲ. ಯಾರೋ ಬಕೆಟ್ ನೀರು ಎರಚಿದರು, ಈಥರ್ ನೀರಿನ ಮೇಲೆ ತೇಲಿ ಇನ್ನಷ್ಟು ಹರಡಿತು. ಹೊರಗೆ ಪೂಜೆಗೆಂದು ಬಸ್ಸು ತೊಳೆಯುತ್ತಿದ್ದ ಡ್ರೈವರ್ ಹಸನಬ್ಬ ಒದ್ದೆ ಗೋಣಿ ಹಿಡಿದುಕೊಂಡು ಒಳಗೆ ನುಗ್ಗಿ ಅವಳನ್ನು ಸುತ್ತಿ ಎಳೆದು ತಂದ. ಹರಿಪ್ರಸಾದ್ ಬಾಗಿಲಿನ ಹೊರಗಿದ್ದ. ಯಾವಾಗ ಹೊರಗೆ ಓಡಿದೆನೆಂದು ಅವನಿಗೆ ನೆನಪಿಲ್ಲ. ಓಡಿದ್ದಂತೂ ಹೌದು.

ಮರುದಿನ ಪ್ರಾಂಶುಪಾಲರು ಒಂದು ಹಾಳೆ ಟೈಪು ಮಾಡಿಸಿ ಮುಂದಿಟ್ಟರು. 'ಅಟೆಂಡರ್ ನನ್ನ ಗಮನಕ್ಕೆ ತಾರದೆ ಈಥರ್ ಬಳಸಿದ್ದಾರೆ.' ಒಂದೇ ಸಾಲು. ಹರಿಪ್ರಸಾದ್ ಪೆನ್ನು ತೆಗೆದ, ಸಹಿ ಚೆನ್ನಾಗಿಯೇ ಬಂತು.

ಹದಿನಾರು ದಿನ ಅವಳು ಮಂಗಳೂರಿನ ಆಸ್ಪತ್ರೆಯಲ್ಲಿದ್ದಳು. ಅವನು ಎರಡು ಸಲ ಹೋದ. ಗಾಜಿನ ಹೊರಗಿನಿಂದ ನೋಡಿದ, ಒಳಗೆ ಬಿಡುತ್ತಾರಾ ಎಂದು ಕೇಳಲಿಲ್ಲ, ಕೇಳಿದರೆ ಬಿಟ್ಟಾರು ಎಂಬ ಹೆದರಿಕೆ. ಹದಿನೇಳನೆಯ ದಿನ ಕಾಲೇಜಿಗೆ ಸುದ್ದಿ ಬಂತು. ರಜೆ ಕೊಟ್ಟರು. ಮಕ್ಕಳು ಲ್ಯಾಬಿನ ಸುಟ್ಟ ಬಾಗಿಲಿನ ಮುಂದೆ ಒಂದು ನಿಮಿಷ ಮೌನ ನಿಂತರು. ಮೌನದಲ್ಲಿ ಅವನೂ ನಿಂತ, ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಆಮೇಲೆ ನಿದ್ದೆ ಹೋಯಿತು. ಅನ್ನದ ವಾಸನೆಯಲ್ಲೂ ಈಥರ್ ಬರುತ್ತಿತ್ತು. ಒಂದು ದಿನ ಎದ್ದು ಪ್ರಾಂಶುಪಾಲರ ಕೋಣೆಗೆ ಹೋಗಿ ಎಲ್ಲ ಹೇಳಿದ. ಈಥರಿನಲ್ಲಿ ಒರೆಸಲು ಕಲಿಸಿದ್ದು ತಾನು, ಆ ಬೆಳಿಗ್ಗೆ ಒರೆಸಲು ಒಪ್ಪಿದ್ದು ತಾನು, ವಾಸನೆ ಬಂದೂ ಬಾಯಿ ಮುಚ್ಚಿ ನಿಂತದ್ದು ತಾನು. ಆ ಕಾಗದ ವಾಪಸು ಬೇಕು ಎಂದ.

ಪ್ರಾಂಶುಪಾಲರು ಬಾಗಿಲು ಹಾಕಿ ಬಂದರು. "ಅದು ಪೊಲೀಸರಿಗೆ ಹೋಗಿ ಆಯ್ತು ಮಾರಾಯ್ರೆ, ಫೈಲು ಮುಚ್ಚಿ ಆಯ್ತು. ಸತ್ತವರಿಗೆ ಕೋರ್ಟಿಗೆ ಹೋಗ್ಲಿಕ್ಕಿಲ್ಲ. ನಿಮಗೆ, ನನಗೆ, ಸಂಚಾಲಕರಿಗೆ ಉಂಟು. ಈಗ ಹೇಳಿದ್ರೆ ಅವಳು ಎದ್ದು ಬರ್ತಾಳಾ? ಹೋಗಿ, ಎರಡು ದಿವಸ ರಜೆ ಹಾಕಿ ಮಲ್ಕೊಳ್ಳಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಉರಿಯುವ ಆ ಒಲೆಯನ್ನು ಎಲ್ಲಿಯಾದರೂ ಇಳಿಸಬೇಕಿತ್ತು ಅವನಿಗೆ. ಉತ್ತರಕ್ರಿಯೆ ಮುಗಿದ ಮರುದಿನ ಮಧ್ಯಾಹ್ನ ಗುಂಡ್ಯದ ಬಸ್ಸು ಹತ್ತಿದ. ತೀರ್ಥರಾಮ ಬೈಯಲಿ, ಹೊಡೆಯಲಿ, ಪೊಲೀಸರನ್ನು ಕರೆಯಲಿ. ಏನು ಮಾಡಿದರೂ ಅಷ್ಟು ಹಗುರವಾದೀತು ಎಂದುಕೊಂಡ.

ತೀರ್ಥರಾಮ ಅಂಗಡಿಯಲ್ಲೇ ಇದ್ದ. ತಲೆ ಬೋಳಿಸಿದ್ದ. ಹರಿಪ್ರಸಾದನನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಇದ್ದೊಂದು ಸ್ಟೂಲನ್ನು ಮುಂದಿಟ್ಟ. "ಬನ್ನಿ ಸರ್. ನೀವು ಇಷ್ಟು ದೂರ ಬರುದಾ? ಕೂತ್ಕೊಳ್ಳಿ. ಒಂದು ಟ್ಯೂಬು ಉಂಟು, ಮುಗಿಸ್ತೇನೆ."

ಘಾಟಿ ಇಳಿದು ಬಂದ ಲಾರಿಯದ್ದು. ಅದರ ಡ್ರೈವರು ಬಾಯಲ್ಲಿ ಬೀಡಿ ಇಟ್ಟುಕೊಂಡು ಹತ್ತಿರ ಬಂದು ಬಗ್ಗಿದ.

"ಏ, ಆಚೆ! ಬೀಡಿ ಬಿಸಾಡು! ಸೊಲ್ಯೂಷನ್ ಡಬ್ಬಿ ತೆರೆದುಂಟು, ಕಣ್ಣು ಕಾಣುದಿಲ್ವಾ?" ಟ್ಯೂಬಿಗೆ ಅಂಟು ಹಚ್ಚುತ್ತಿದ್ದ ತೀರ್ಥರಾಮ ಗದರಿದ.

ಡ್ರೈವರು ಪೆಚ್ಚಾಗಿ ರಸ್ತೆಯಾಚೆಗೆ ಹೋಗಿ ಬೀಡಿ ತುಳಿದು ಬಂದ. ಸಿಟ್ಟೂ ಮಾಡಲಿಲ್ಲ. ಒಂದು ಉಸಿರಿನ ಕೆಲಸ. ಹರಿಪ್ರಸಾದ್ ಸ್ಟೂಲಿನ ಮೇಲೆ ಕೂತು ಅದನ್ನು ನೋಡಿದ. ಅಲ್ಲಿಂದ ಎದ್ದು ಓಡಬೇಕೆನಿಸಿತು.

ಲಾರಿ ಹೋದ ಮೇಲೆ ತೀರ್ಥರಾಮ ಟಯರಿನ ಮೇಲೆ ಕೂತ. "ನಿನ್ನೆ ಪ್ರಾಂಶುಪಾಲರು ಬಂದಿದ್ರು. ಕಾಗದದಲ್ಲಿ ಅವಳದ್ದೇ ತಪ್ಪು ಅಂತ ಉಂಟಂತೆ. ಇರ್ಲಿ ಸರ್, ಕಾಗದ ಯಾರು ನೋಡ್ತಾರೆ. ಆಸ್ಪತ್ರೆಯಲ್ಲಿ ಅವಳು ನನ್ನತ್ರ ಹೇಳಿದ್ದು ನಂಗೆ ಸಾಕು."

"ಎಂತ ಹೇಳಿದ್ರು?"

"ನಂಗೂ ಸ್ವಲ್ಪ ವಾಸನೆ ಬಂದ ಹಾಗಾಯ್ತು ಅಂದ್ಳು. ಕಡ್ಡಿ ಹಿಡ್ಕೊಂಡು ಸರ್‌ನ ಮುಖ ನೋಡಿದೆ, ಅವರು ಕೈಮುಗಿದು ನಿಂತಿದ್ರು, ತೊಂದರೆ ಇದ್ರೆ ಅವರು ಹೇಳದೆ ಇರ್ತಿದ್ರಾ ಅಂದ್ಳು. ಅವರಿಗೇ ಗೊತ್ತಾಗದ್ದು ಯಾರಿಗೆ ಗೊತ್ತಾಗ್ತದೆ, ಇದು ಯಾರದ್ದೂ ತಪ್ಪಲ್ಲ, ನೀವು ಯಾರ ಮೇಲೂ ಬೇಜಾರು ಮಾಡ್ಬೇಡಿ ಅಂದ್ಳು. ಅಷ್ಟು ಹೇಳುವಾಗ ಅವಳಿಗೆ ನೋವೂ ಇಲ್ಲದ ಹಾಗೆ ಇತ್ತು ಸರ್."

ಅವಳು ನೋಡಿದ್ದು ಹರಿಪ್ರಸಾದನಿಗೆ ಗೊತ್ತೇ ಇರಲಿಲ್ಲ. ಆ ಹೊತ್ತಿಗೆ ಅವನು ಕಣ್ಣು ಮುಚ್ಚಿದ್ದ, ಭಕ್ತಿಯಿಂದಲ್ಲ, ಹೆದರಿಕೆಯಿಂದ.

"ನಂಗೆ ಗೊತ್ತಿತ್ತು ತೀರ್ಥರಾಮಣ್ಣ" ಎಂದ.

"ಎಂತ?"

"ವಾಸನೆ ಬಂದಿತ್ತು. ಕಡ್ಡಿ ಗೀರುವ ಮೊದಲೇ ಬಂದಿತ್ತು. ಹೀಗೆ ಆಗ್ತದೆ ಅಂತ ಗೊತ್ತಿತ್ತು. ನಾನು ಹೇಳ್ಲಿಲ್ಲ. ನಂಗೆ ಹೇಳದೆ ಅವರು ಈಥರ್ ತೆಗೊಂಡದ್ದು ಅಂತ ಆ ಕಾಗದಕ್ಕೆ ಸಹಿ ಹಾಕಿದ್ದೂ ನಾನೇ."

ತೀರ್ಥರಾಮ ಕೈ ಎತ್ತಲಿಲ್ಲ, ಬೈಯಲಿಲ್ಲ. ಸೊಲ್ಯೂಷನ್ ಡಬ್ಬಿಯ ಮುಚ್ಚಳ ಹುಡುಕಿ ಬಿಗಿಯಾಗಿ ತಿರುಗಿಸಿ ಬದಿಗಿಟ್ಟ.

"ಇದನ್ನು ಬೇರೆ ಯಾರತ್ರ ಹೇಳಿದ್ದೀರಿ?"

"ಪ್ರಾಂಶುಪಾಲರತ್ರ. ಅವರು ಕೇಳ್ಲಿಲ್ಲ."

"ಹಾಗಾಗಿ ನನ್ನತ್ರ ಬಂದ್ರಿ" ಎಂದ ತೀರ್ಥರಾಮ. ದನಿ ಏರಲಿಲ್ಲ. "ಹೊತ್ಕೊಳ್ಳಲಿಕ್ಕೆ ನಿಮಗೆ ನಾನೇ ಸಿಕ್ಕಿದ್ದಾ ಸರ್? ಯಾರದ್ದೂ ತಪ್ಪಲ್ಲ ಅಂತ ಅವಳೊಂದು ಮಾತು ಬಿಟ್ಟು ಹೋಗಿದ್ಳು. ಅದನ್ನು ಹಿಡ್ಕೊಂಡು ನಾನು ದಿವಸ ದೂಡ್ತಾ ಇದ್ದೆ. ನಂಗೆ ಬೇರೆ ಎಂತ ಇತ್ತು? ಅದನ್ನೂ ತೆಗೊಂಡ್ರಿ ನೀವು."

ಅವನು ಮುಖ ತಿರುಗಿಸಿ ರಸ್ತೆಯ ಕಡೆ ನೋಡಿದ.

"ಹೇಳ್ಬೇಕಾದ ದಿವಸ ಹೇಳ್ಲಿಲ್ಲ. ಇವತ್ತು ಹೇಳ್ಬಾರದಿತ್ತು."

ಹರಿಪ್ರಸಾದ್ ಎದ್ದು ನಿಂತ. ಕ್ಷಮಿಸಿ ಎನ್ನಲು ಬಾಯಿ ತೆರೆದ. ತೀರ್ಥರಾಮ ತಿರುಗಿ ನೋಡದೆಯೇ ಕೈ ಅಡ್ಡ ಹಿಡಿದ.

"ಬೇಡ ಸರ್. ಇನ್ನೆಂತದೂ ಹೇಳ್ಬೇಡಿ."